ಹೊಸ ಮಿಷನ್ನು ಬರುವವರೆಗೆ

ನಾನು ಬಿದ್ದ ಗುಂಡಿಯ ಆಳ ನಲವತ್ತು ಅಡಿ. ಹೆಸ್ಟರ್ ಪ್ಯಾಸ್ಕೋ ಅದನ್ನು ಎಂಟಡಿ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ. ಅವಳು ಮೇಲೆ ನಿಂತು ನೋಡಿದವಳು, ನಾನು ಕೆಳಗೆ ಕೂತು ನೋಡಿದವನು. ಗುಂಡಿಯ ಆಳವನ್ನು ಯಾರ ಬಾಯಿಂದ ಕೇಳಬೇಕು ಎನ್ನುವುದನ್ನು ನಿಮಗೇ ಬಿಡುತ್ತೇನೆ.

ನನ್ನ ಹೆಸರು ಕ್ಲೆಮ್ ಟ್ರೆವಿನ್. ವಿಕ್ಟೋರಿಯಾದ ಈ ಚಿನ್ನದ ಸೀಮೆಯಲ್ಲಿ ನೆಲದಡಿಯ ಲೋಹಕ್ಕೆ ಕೂಗುವ ಮೆಟಲ್ ಡಿಟೆಕ್ಟರ್ ಮಿಷನ್ನು ಹಿಡಿದು ಕಾಡು ಸುತ್ತುವವರಲ್ಲಿ ನನ್ನಷ್ಟು ಚಿನ್ನ ತೆಗೆದವನು ಹುಟ್ಟಿಲ್ಲ. ನನ್ನಷ್ಟು ಸುಳ್ಳು ಹೇಳಿದವನೂ ಹುಟ್ಟಿಲ್ಲ. ಮೊದಲನೆಯದಕ್ಕೆ ಎರಡನೆಯದು ಬೇಕೇ ಬೇಕು. ಚಿನ್ನ ಸಿಕ್ಕ ಜಾಗವನ್ನು ನಮ್ಮಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಕುಂಟ ಕುದುರೆ ಕಣಿವೆಯಲ್ಲಿ ನನಗೆ ಕುರಿಮರಿಯ ಕಿವಿಯಂಥ ಒಂದು ಚಿನ್ನದ ಗಟ್ಟಿ ಸಿಕ್ಕಿತ್ತು. ಅದಕ್ಕೆ ತೂತು ಕೊರೆದು, ಚರ್ಮದ ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡು, ನರಿಗುಡ್ಡದಲ್ಲಿ ಸಿಕ್ಕಿದ್ದೆಂದು ಪಬ್ಬಿನಲ್ಲಿ ಆಣೆ ಮಾಡಿ ಹೇಳಿದ್ದೆ. ಅರ್ಧ ಊರು ಒಂದು ಚಳಿಗಾಲವಿಡೀ ನರಿಗುಡ್ಡವನ್ನು ಬಗೆದು ಆಲೂಗಡ್ಡೆ ಹೊಲ ಮಾಡಿಟ್ಟಿತು.

ಆದರೆ ಈಗ ನನ್ನ ಕೈಯಲ್ಲಿ ಮಿಷನ್ನೇ ಇರಲಿಲ್ಲ. ಹೊಸ ಮಾದರಿ ಬರುತ್ತದೆಂದು ಸುದ್ದಿ ಹಬ್ಬಿತ್ತು. ಹಳೆಯದು ಮೊಣಕೈ ಆಳದ ಚಿನ್ನಕ್ಕೆ ಕೂಗಿದರೆ ಹೊಸದು ಸೊಂಟದ ಆಳದ್ದಕ್ಕೆ ಕೂಗುತ್ತದಂತೆ. ಪಬ್ಬಿನಲ್ಲಿ ನನ್ನ ಬಾಯಿಂದ ಹೊರಡುವಾಗ ಅದು ಭೂಮಿಯ ಆ ಬದಿಯಲ್ಲಿರುವ ಇಂಗ್ಲೆಂಡಿನ ಮದುಮಗಳ ಉಂಗುರಕ್ಕೂ ಕೂಗುವಂಥದ್ದಾಗಿತ್ತು. ಹೊಸದು ಅಂಗಡಿಗೆ ಬಂದ ದಿನ ಹಳೆಯದನ್ನು ಯಾರೂ ಮೂಸುವುದಿಲ್ಲ. ಅದಕ್ಕೇ ಜಾಣರು ಮೊದಲೇ ಮಾರಿಬಿಡುತ್ತಾರೆ. ನಾನು ಎಲ್ಲರಿಗಿಂತ ಜಾಣ, ಎಲ್ಲರಿಗಿಂತ ಮೊದಲೇ ಮಾರಿದೆ.

“ಯಾವಾಗಯ್ಯಾ ಬರೋದು?” ಎಂದು ಅಂಗಡಿಯ ನೆವಿಲ್‌ನನ್ನು ಕೇಳಿದೆ.

“ಕ್ರಿಸ್‌ಮಸ್‌ಗೆ ಗ್ಯಾರಂಟಿ, ಕ್ಲೆಮ್.”

“ಯಾವ ವರ್ಷದ ಕ್ರಿಸ್‌ಮಸ್ಸು?”

“ಹಡಗಲ್ಲಿದೆ ಕಣಯ್ಯಾ. ನಿನ್ನ ಹೆಸರೇ ಮೊದಲನೇದು. ಬಂದ ತಕ್ಷಣ ಫೋನ್ ಮಾಡ್ತೀನಿ. ನೀನು ಎತ್ತದಿದ್ರೆ ಮಾತ್ರ ಮುಂದಿನವರಿಗೆ ಕೊಟ್ಬಿಡ್ತೀನಿ. ಬಾಗಿಲಲ್ಲಿ ಹೊಡೆದಾಟ ನನಗೆ ಬೇಡ.”

ಕ್ರಿಸ್‌ಮಸ್ ಬಂತು, ಹೋಯಿತು. ಹಡಗು ಬರಲಿಲ್ಲ. ಫೆಬ್ರವರಿ ಬಂತು. ಮನೆಯಲ್ಲಿ ನಾನು ಬೋನಿಗೆ ಬಿದ್ದ ಇಲಿಯ ಹಾಗೆ ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಜಾರಕ್ಕೆ ಓಡಾಡಿ ನೆಲದ ಕಾರ್ಪೆಟ್ಟು ಸವೆಸಿದೆ. ಹೆಂಡತಿ ಲೊರೇನ್, “ಆ ಮಿಷನ್ನು ಬರೋ ಮೊದಲು ನಾನು ಹೋಗಿರ್ತೀನಿ, ನೋಡ್ತಿರು,” ಎಂದಳು. ಪರಲೋಕಕ್ಕೋ ತಂಗಿಯ ಮನೆಗೋ ಹೇಳಲಿಲ್ಲ.

ಹಳೆಯ ಮಿಷನ್ನು ಕೊಂಡವಳೇ ಈ ಹೆಸ್ಟರ್. ಉಣ್ಣೆ ಕತ್ತರಿಸುವವರ ಬಿಡಾರಗಳಲ್ಲಿ ಅಡುಗೆ ಮಾಡಿಕೊಂಡಿದ್ದವಳು. ಅವಳು ಊಟಕ್ಕೆ ಕರೆದರೆ ಪಕ್ಕದ ಜಿಲ್ಲೆಯ ಕುರಿಗಳೂ ಎದ್ದು ನಿಲ್ಲುತ್ತಿದ್ದವು. ಅಲ್ಲಿಯವರೆಗೆ ಹಳ್ಳದಲ್ಲಿ ಬಾಣಲೆ ಹಿಡಿದು ಮರಳು ತೊಳೆದಿದ್ದಳೇ ಹೊರತು ಮಿಷನ್ನು ಮುಟ್ಟಿದವಳಲ್ಲ. ಅವಳಿಗೆ ಕಲಿಸಿಕೊಡುವಾಗ ನನ್ನ ನಾಲಿಗೆ ಸುಮ್ಮನಿರಲಿಲ್ಲ. “ಈ ಸ್ವಿಚ್ಚು ನೋಡು ಹೆಸ್ಟರ್, ಇದನ್ನ ಯಾವಾಗ್ಲೂ ಹಾಕೇ ಇರು. ಕಬ್ಬಿಣಕ್ಕೆ ಮಿಷನ್ನು ಬಾಯೇ ಬಿಡಲ್ಲ. ಇಲ್ದಿದ್ರೆ ಮೊಳೆ ತೋಡಿ ತೋಡಿ ನಿನ್ನ ಸೊಂಟ ಹೋಗುತ್ತೆ,” ಎಂದೆ. ಮಾತು ನಿಜವೇ. ಆ ಸ್ವಿಚ್ಚು ಹಾಕಿದರೆ ಆಳದಲ್ಲಿರುವ ಒಳ್ಳೆಯ ಚಿನ್ನದ ದನಿಯನ್ನೂ ಮಿಷನ್ನು ನುಂಗಿಬಿಡುತ್ತದೆ ಎನ್ನುವುದನ್ನು ಮಾತ್ರ ಹೇಳಲಿಲ್ಲ.

ಅಂಥವಳು ಒಂದು ದಿನ ಬೇಕರಿಯಲ್ಲಿ, “ಕುಂಟ ಕುದುರೆ ಕಡೆ ಹೋಗಿ ನೋಡೋಣ ಅಂತಿದೀನಿ,” ಎಂದಳು. ನನ್ನ ಬಾಯಿಯೊಳಗಿದ್ದ ಮಾಂಸದ ಪೈ ಅಲ್ಲೇ ನಿಂತಿತು. ಹೊಸ ಮಿಷನ್ನು ಬರುವವರೆಗೆ ಆ ಜಾಗವನ್ನು ಹೇಗಾದರೂ ಕಾಯಬೇಕಿತ್ತು. ಮರುದಿನ ಬೆಳಿಗ್ಗೆ ಡಬ್ಬಿಯ ತುಂಬ ತುಕ್ಕು ಮೊಳೆ ತುಂಬಿಕೊಂಡೆ. ಜಾಗದ ತುಂಬ ಬಿತ್ತಿದರೆ ಬಂದವರೆಲ್ಲ ಮೊಳೆ ತೋಡಿ ಬೇಸತ್ತು ಹೋಗುತ್ತಾರೆಂದು ಲೆಕ್ಕ. ಅವಳ ಮಿಷನ್ನು ಕಬ್ಬಿಣಕ್ಕೆ ಬಾಯಿ ಬಿಡದ ಹಾಗೆ ನಾನೇ ಮಾಡಿದ್ದೇನೆ ಎನ್ನುವುದು ಹೊಳೆಯಲೇ ಇಲ್ಲ. ಬುದ್ಧಿ ಹೆಚ್ಚಿದ್ದವರಿಗೆ ಹೀಗಾಗುತ್ತದೆ.

“ನರಿಗುಡ್ಡಕ್ಕೆ ಹೋಗಿ ಬರ್ತೀನಿ,” ಎಂದು ಲೊರೇನ್‌ಗೆ ಹೇಳಿದೆ. ಹೋದದ್ದು ಕುಂಟ ಕುದುರೆಗೆ. ಗಾಡಿಯನ್ನು ಕಣಿವೆಯ ಪಕ್ಕದ ಗುಡ್ಡದ ಆಚೆ ಬದಿಯಲ್ಲಿ ಪೊದೆಯ ಮರೆಗೆ ನಿಲ್ಲಿಸಿದೆ. ಫೋನನ್ನು ಗಾಡಿಯಲ್ಲೇ ಬಿಟ್ಟೆ. ಹತ್ತಿರ ಫೋನಿದ್ದರೆ ಮಿಷನ್ನು ಗೊರಗೊರ ಎನ್ನುತ್ತದೆ, ಅದಕ್ಕೆ ನಾವ್ಯಾರೂ ಒಯ್ಯುವುದಿಲ್ಲ. ಕೈಯಲ್ಲಿ ಮಿಷನ್ನೇ ಇಲ್ಲ ಎನ್ನುವುದು ಅಭ್ಯಾಸಕ್ಕೆ ಗೊತ್ತಿರಬೇಕಲ್ಲ!

ಅರ್ಧ ಡಬ್ಬಿ ಮೊಳೆಯನ್ನು ಮಣ್ಣಿಗೆ ತುಳಿಯುತ್ತಾ ಮುಂದೆ ಸಾಗಿದೆ. ನನ್ನ ಜಾಗದ ನಡುವೆ ಹಿಂದಿನ ಕಾಲದ ಚಿನ್ನದವರು ತೋಡಿಬಿಟ್ಟ ಒಂದು ಗುಂಡಿಯಿದೆ. ಅದರ ತಳವನ್ನು ನಾನೇ ಇನ್ನಷ್ಟು ಬಗೆದಿದ್ದೆ. ತೋಡಿದ್ದನ್ನು ಮುಚ್ಚಿ ಹೋಗಬೇಕೆನ್ನುವುದು ನಮ್ಮವರ ಕಟ್ಟುನಿಟ್ಟಿನ ನಿಯಮ. ಆದರೆ ಹೊಸ ಮಿಷನ್ನು ಬಂದಾಗ ಮತ್ತೆ ತೋಡುವ ಕಷ್ಟ ಯಾರಿಗೆ ಬೇಕೆಂದು ಕೊಂಬೆ, ತೊಗಟೆ, ಒಣಗಿದ ಎಲೆ ಹಾಕಿ ಮರೆಮಾಡಿದ್ದೆ. ಯಾರ ಕಣ್ಣಿಗೂ ಬೀಳದಷ್ಟು ಚೆನ್ನಾಗಿ ಮಾಡಿದ್ದೆ. ನನ್ನ ಕಣ್ಣಿಗೂ ಬೀಳಲಿಲ್ಲ.

ಬಿದ್ದೆ. ಬೀಳುತ್ತಾ ಬೀಳುತ್ತಾ ನನ್ನ ಜೀವನವೆಲ್ಲ ನೆನಪಾಯಿತು, ಅಷ್ಟು ಹೊತ್ತು ಬಿದ್ದೆ. ತಳ ಮುಟ್ಟಿದಾಗ ಎಡಪಾದದ ಕೀಲು ಕಟಕ್ ಎಂದಿತು. ಕೈ ಚಾಚಿದರೆ ಎರಡೂ ಕಡೆ ಮಣ್ಣು. ಮೇಲೆ ಒಂದು ತಟ್ಟೆಯಷ್ಟು ಆಕಾಶ. ಮೂಲೆಯಲ್ಲಿ ನನಗಿಂತ ಮೊದಲೇ ಬಿದ್ದಿದ್ದ ನೀಲಿ ನಾಲಿಗೆಯ ದಪ್ಪ ಹಲ್ಲಿಯೊಂದು ನನ್ನನ್ನು ನೋಡಿ, ನಾಲಿಗೆ ಚಾಚಿ, ಗೋಡೆಯ ಕಡೆ ತಿರುಗಿ ಮಲಗಿತು.

ಸ್ವಲ್ಪ ಹೊತ್ತಿಗೆ ಮೇಲೆ ಗಾಡಿಯ ಸದ್ದು. ಬಾಗಿಲು ಬಡಿದ ಸದ್ದು. ಆಮೇಲೆ ಸಿಳ್ಳೆ. ಆ ಬೇಸುರದ ಸಿಳ್ಳೆಯನ್ನು ಗೋರಿಯೊಳಗಿಂದಲೂ ಗುರುತು ಹಿಡಿಯಬಹುದು: ಹೆಸ್ಟರ್!

ಬಾಯಿ ತೆರೆದೆ. ಮುಚ್ಚಿದೆ. ಕೂಗಿದರೆ ಅವಳು ಬರುತ್ತಾಳೆ, ಎತ್ತುತ್ತಾಳೆ, ಸರಿ. ಆದರೆ ಕ್ಲೆಮ್ ಟ್ರೆವಿನ್ ಇಲ್ಲಿ ಏನು ಮಾಡುತ್ತಿದ್ದ ಎಂಬ ಪ್ರಶ್ನೆ ಸಂಜೆಯೊಳಗೆ ಪಬ್ಬು ತಲುಪುತ್ತದೆ; ನಾಳೆ ಇಡೀ ಊರು ಈ ಜಾಗದ ಮೇಲೆ. ಕೂಗದಿದ್ದರೆ ನಾನು ಒಳಗೆ, ಆದರೆ ಜಾಗ ನನ್ನದೇ. “ನಾನೇ ಹತ್ತಿಕೊಳ್ತೀನಿ ಬಿಡು,” ಎಂದು ಹಲ್ಲಿಗೆ ಪಿಸುಗುಟ್ಟಿದೆ. ಸಿಳ್ಳೆ ದೂರವಾಯಿತು.

ಹತ್ತಿದೆ. ಮಣ್ಣು ಕುಸಿದು ತಲೆಯ ಮೇಲೆ ಬಿತ್ತು. ಮತ್ತೆ ಹತ್ತಿದೆ. ಈ ಸಲ ಮಣ್ಣಿನ ಜತೆ ನಾನೂ ಬಿದ್ದೆ. ಹತ್ತಿದಷ್ಟೂ ಗುಂಡಿ ನನ್ನ ಸುತ್ತ ಬಿಗಿಯಾಯಿತು. ಸೂರ್ಯ ನೆತ್ತಿಗೆ ಬಂದು ಗುಂಡಿಯ ಬಾಯಿಗೆ ಬಾಣಲೆಯ ಮುಚ್ಚಳದ ಹಾಗೆ ಕೂತ. ನಾಲಿಗೆ ಬೂಟಿನ ಚರ್ಮವಾಯಿತು. ಕಟ್ಟಿರುವೆಗಳು, ಒಂದೊಂದೂ ಕುದುರೆಯಷ್ಟು, ಷರಟಿನೊಳಗೆ ಮೆರವಣಿಗೆ ಹೊರಟವು.

ಆಗ ಲೆಕ್ಕ ಹಾಕಿದೆ. ಲೊರೇನ್ ನನ್ನನ್ನು ಹುಡುಕಿಸುವುದು ನರಿಗುಡ್ಡದಲ್ಲಿ. ಗಾಡಿ ಕಂಡರೂ ಅದು ಗುಡ್ಡದ ಆಚೆ. ಜಾಗ ಗೊತ್ತಿರುವ ಒಬ್ಬನೇ ಒಬ್ಬ ಮನುಷ್ಯ ಜಾಗದೊಳಗೇ ಇದ್ದಾನೆ. ನಾನು ಜೀವಮಾನವಿಡೀ ಹೇಳಿದ ಸುಳ್ಳುಗಳೆಲ್ಲ ಒಂದಕ್ಕೊಂದು ಕೈ ಹಿಡಿದು ಸುತ್ತ ಗೋಡೆ ಕಟ್ಟಿ ನಿಂತಿದ್ದವು. ಮೊದಲ ಸಲ ನನಗೆ ಭಯವಾಯಿತು. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಒಣ ಎಲೆಗಳ ಮೇಲೆ ಸರ್, ಸರ್ ಎಂದು ಮಿಷನ್ನಿನ ತಟ್ಟೆ ಬೀಸುವ ಸದ್ದು ಹತ್ತಿರವಾಯಿತು. ಜಾಗ ಹಾಳಾಗಿ ಹೋಗಲಿ!

“ಹೆಸ್ಟರ್! ಏ ಹೆಸ್ಟರ್!”

ಸರ್, ಸರ್. ಅವಳ ಕಿವಿಗೆ ಹೆಡ್‌ಫೋನು. ಅದು ಹಾಕಿಕೊಂಡರೆ ಪಕ್ಕದಲ್ಲಿ ಗುಡ್ಡ ಉರುಳಿದರೂ ನಮಗೆ ಕೇಳಿಸುವುದಿಲ್ಲ. ಇನ್ನು ಗುಂಡಿಗಳೋ, ಈ ಕಾಡಿನಲ್ಲಿ ಅಷ್ಟೊಂದಿವೆ. ಕಂಡರೆ ದೂರ ಸರಿಯುತ್ತೇವೆಯೇ ಹೊರತು ಬಗ್ಗಿ ನೋಡುವುದಿಲ್ಲ. ಮಿಷನ್ನಿಗೆ ಕೇಳಿಸಿದರೆ ಮಾತ್ರ ಅವಳಿಗೆ ಕೇಳಿಸೀತು. ಡಬ್ಬಿಯಲ್ಲಿ ಉಳಿದಿದ್ದ ಮೊಳೆಗಳನ್ನು ಹಿಡಿಹಿಡಿಯಾಗಿ ಮೇಲಕ್ಕೆ ಎರಚಿದೆ. ಮಿಷನ್ನು ತುಟಿ ಪಿಟಕ್ಕೆನ್ನಲಿಲ್ಲ. ಆಗ ಹೊಳೆಯಿತು: ಸ್ವಿಚ್ಚು! ಒಂದು ಹಿಡಿ ಅವಳ ಟೋಪಿಗೇ ಬಿದ್ದಿರಬೇಕು.

“ದರಿದ್ರ ಕಾಕಟೂ ಗಿಳಿಗಳಾ!” ಎಂದು ಅವಳು ಮರದ ಕಡೆಗೆ ಕಿರುಚಿದಳು. “ಕಾಯಿ ತಿಂದು ನನ್ನ ತಲೆ ಮೇಲೆ ಉಗೀತೀರಾ? ಸಾರು ಮಾಡ್ಬಿಡ್ತೀನಿ!”

ಸರ್, ಸರ್. ಸದ್ದು ದೂರವಾಗತೊಡಗಿತು. ಕೊರಳಿಗೆ ಕೈ ಹೋಯಿತು. ಆ ಮಿಷನ್ನು ಬಾಯಿ ಬಿಡುವಂಥದ್ದು ನನ್ನ ಹತ್ತಿರ ಒಂದೇ ಇತ್ತು. ದಾರ ಕಿತ್ತೆ, ಗಟ್ಟಿಗೆ ಮುತ್ತಿಟ್ಟೆ, ಎಸೆದೆ. ಅದು ಅಂಚಿಗೆ ತಾಗಿ ವಾಪಸು ನನ್ನ ಹಣೆಗೇ ಬಡಿಯಿತು. ಅದಕ್ಕೂ ಹೋಗಲು ಮನಸ್ಸಿರಲಿಲ್ಲ. ಇನ್ನೊಮ್ಮೆ, ಒಂಟಿಕಾಲಲ್ಲಿ ನಿಂತು, ಬಲವೆಲ್ಲ ಹಾಕಿ ಎಸೆದೆ. ಹೋಯಿತು.

ಸದ್ದು ನಿಂತಿತು. ತಿರುಗಿ ಬಂತು. ಎಲೆ ಕೆದಕಿದ ಸದ್ದು. ಆಮೇಲೆ ಕೇಕೆ. ಚಿನ್ನ ಸಿಕ್ಕವರು ಮೊದಲು ಹೆಡ್‌ಫೋನು ಕಿತ್ತೆಸೆಯುತ್ತಾರೆ, ಆಮೇಲೆ ಕುಣಿಯುತ್ತಾರೆ. ಅವಳು ಕುಣಿಯಲಿಲ್ಲ. “ತೂತು ಕೊರೆದು ಹೂತಿಟ್ಟ ಪುಣ್ಯಾತ್ಮ ಯಾರಪ್ಪಾ?” ಎಂದಳು.

“ನಾನು ಕಣೇ! ಇಲ್ಲಿ, ಕೆಳಗೆ!”

ಆಕಾಶದ ತಟ್ಟೆಯಲ್ಲಿ ಒಂದು ಟೋಪಿ ಮೂಡಿತು. “ಕ್ಲೆಮ್! ಇದೇನೋ ಅವತಾರ? ನರಿಗುಡ್ಡದ ರಾಜ ಇಲ್ಲಿ ಯಾಕೆ ಕೂತಿದಾನೆ?”

“ನೀರು ಕೊಡೇ ಮೊದಲು.”

ನೀರು ಬಂತು. ಅವಳ ಗಾಡಿಯೂ ಬಂತು. ಅದರ ಮೂತಿಯಲ್ಲಿರುವ, ಹಗ್ಗ ಸುತ್ತಿ ಭಾರ ಎಳೆಯುವ ವಿಂಚಿನಿಂದ ಹಗ್ಗವನ್ನು ಮರದ ಕೊಂಬೆಯ ಮೇಲಿಂದ ಇಳಿಬಿಟ್ಟಳು. ಎದೆಗೆ ಕಟ್ಟಿಕೊಂಡೆ. ಹಲ್ಲಿಯನ್ನು ಷರಟಿನೊಳಗೆ ಹಾಕಿಕೊಂಡೆ, ಒಟ್ಟಿಗೆ ಸೆರೆಯಲ್ಲಿದ್ದವರಲ್ಲವೇ. ವಿಂಚು ಗುರ್ ಎಂದಿತು, ನಾನು ಮೇಲೇರಿದೆ. ಅರ್ಧಕ್ಕೆ ಬಂದಾಗ ನಿಂತಿತು.

“ಯಾಕೆ ನಿಲ್ಲಿಸಿದೆ?”

“ಒಂದು ಮಾತು ಕೇಳ್ಬೇಕಿತ್ತು.” ಅವಳು ಅಂಚಿನಲ್ಲಿ ಕೂತು ಸ್ಯಾಂಡ್‌ವಿಚ್ ಬಿಚ್ಚಿದಳು. ಇನ್ನೊಂದು ಕೈಯಲ್ಲಿ ಒಂದು ತುಕ್ಕು ಮೊಳೆ. “ಇದು ನನ್ನ ಟೋಪಿ ಅಂಚಲ್ಲಿತ್ತು. ನೆಲದ ತುಂಬ ಇವೇ ಬಿದ್ದಿವೆ. ಮಿಷನ್ನು ಮಾತ್ರ ಸತ್ತ ಹಾಗಿತ್ತು. ಆ ಸ್ವಿಚ್ಚು ಇನ್ನೇನೇನು ನುಂಗುತ್ತೆ, ಕ್ಲೆಮ್?”

“ಏನೂ ಇಲ್ಲ.”

ವಿಂಚು ಗುರ್ ಎಂದಿತು. ಈ ಸಲ ನಾನು ಕೆಳಗಿಳಿದೆ.

“ಚಿನ್ನ! ಆಳದ್ದನ್ನ ನುಂಗುತ್ತೆ! ನಿಲ್ಸೇ ತಾಯಿ!”

“ಮತ್ತೆ ಈ ಗಟ್ಟಿ ಸಿಕ್ಕಿದ್ದು ಎಲ್ಲಿ?”

ಹಗ್ಗದಲ್ಲಿ ಕಸಾಯಿಖಾನೆಯ ಕುರಿಯ ಹಾಗೆ ತಿರುಗುತ್ತಾ ನೇತಾಡಿದೆ. ಒಮ್ಮೆ ಅವಳ ಬೂಟು ಕಾಣುತ್ತಿತ್ತು, ಒಮ್ಮೆ ಗೋಡೆ. ಜೀವಮಾನದಲ್ಲಿ ಯಾರಿಗೂ ಹೇಳದ ಮಾತು ಅದು. ಕೊನೆಗೆ, “ಇಲ್ಲೇ,” ಎಂದೆ. “ನಿನ್ನ ಕಾಲ ಕೆಳಗೇ.”

ಅವಳು ಮೇಲೆಳೆದಳು. ಗಟ್ಟಿಯ ಕಡೆಗೆ ನಾನು ಕೈ ಚಾಚಿದೆ.

“ನೆಲದ ಮೇಲೆ ಸಿಕ್ಕಿದ್ದು ಸಿಕ್ಕಿದವರದ್ದು. ನಿಮ್ಮ ಕಾನೂನೇ ಅಲ್ವಾ?” ಎಂದು ಟೋಪಿಯ ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು. “ಜಾಗ ನಮ್ಮಿಬ್ಬರದ್ದು. ನೀನು ಬಿದ್ದ ಕತೆ ಪಬ್ಬಿಗೆ ಹೇಳ್ತೀನಿ, ಜಾಗ ಮಾತ್ರ ಹೇಳಲ್ಲ. ನಾನು ಬೀಸ್ತೀನಿ, ನೀನು ತೋಡು.”

ಅವಳೇ ನನ್ನನ್ನು ಗುಡ್ಡದ ಆಚೆಗೆ, ನನ್ನ ಗಾಡಿಯ ಹತ್ತಿರ ಒಯ್ದು ಬಿಟ್ಟಳು. ಒಳಗೆ ಫೋನು ಮಿನುಗುತ್ತಿತ್ತು. ಬೆಳಗಿನಿಂದ ನೆವಿಲ್ ಕರೆದೂ ಕರೆದೂ ಸುಸ್ತಾಗಿದ್ದ. ತಿರುಗಿ ಮಾಡಿದೆ.

“ಎಲ್ಲಿ ಸತ್ತಿದ್ದೆ ಮಾರಾಯಾ? ಬಂದಿದ್ದೇ ಒಂದು. ಬೆಂಡಿಗೋ ಪಟ್ಟಣದ ಹಲ್ಲಿನ ಡಾಕ್ಟರಿಗೆ ಕೊಟ್ಟೆ.”

“ಇನ್ನೊಂದು?”

“ಹಡಗಲ್ಲಿದೆ.”

ಕಾಲು ಸರಿಯಾದ ದಿನದಿಂದ ತೋಡುತ್ತಿದ್ದೇನೆ. ಹೆಸ್ಟರ್ ಸ್ವಿಚ್ಚು ತೆಗೆದಿಟ್ಟಿದ್ದಾಳೆ. ನನ್ನ ಹಳೆಯ ಮಿಷನ್ನು ಹೆಜ್ಜೆಗೊಮ್ಮೆ ಕೂಗುತ್ತದೆ. ಅವಳು “ತೋಡು” ಅನ್ನುತ್ತಾಳೆ, ನಾನು ಮಂಡಿಯೂರಿ ತೋಡುತ್ತೇನೆ, ನನ್ನದೇ ಮೊಳೆ ಸಿಗುತ್ತದೆ. ನಡುನಡುವೆ ಚಿನ್ನವೂ ಸಿಗುತ್ತದೆ, ಎಷ್ಟೆಂದು ಹೇಳಿದರೆ ನೀವು ನಂಬುವುದಿಲ್ಲ. ತೋಡಿದ್ದನ್ನೆಲ್ಲ ಮುಚ್ಚಿಸುತ್ತಾಳೆ. ಮೊದಲು ಮುಚ್ಚಿಸಿದ್ದೇ ಆ ಗುಂಡಿಯನ್ನು, ಒಂದೇ ಸಲಿಕೆಯಲ್ಲಿ, ನನ್ನೊಬ್ಬನ ಕೈಯಿಂದ. ಎಂಟಡಿಯಂತೆ! ಮಣ್ಣು ಹಾಕಿದವನು ನಾನು. ಐವತ್ತಕ್ಕೆ ಒಂದಡಿ ಕಡಿಮೆಯಿಲ್ಲ.