ಕುಡುಕಣ್ಣನ ಬಂಡೆ

ತನ್ನ ಅಪ್ಪನಿಗೆ ಈ ಹೊಳೆಯಲ್ಲಿ ಹನ್ನೆರಡು ದೋಣಿಗಳಿದ್ದವು ಎಂದು ಹೊಲಿಗೆಯಮ್ಮ, ದೋಣಿ ಹತ್ತುವ ಹಲಗೆಯ ನಟ್ಟನಡುವೆ ನಿಂತು, ಹಿಂದೆ ಬರುತ್ತಿದ್ದವರ ದಾರಿಯನ್ನೆಲ್ಲ ಕಟ್ಟಿ, ಬೀಗಿತ್ತಿಗೆ ಹೇಳಿದಳು. ಮಗನ ಮದುವೆಯಲ್ಲೂ ಇದನ್ನೇ ಹೇಳಿದ್ದಳು. ಕೆದಕಿ ಕೇಳಿದರೆ ಅರ್ಧ ಸುಳ್ಳೆಂದು ಅವಳೇ ಒಪ್ಪುತ್ತಾಳೆ. ಇದ್ದದ್ದು ಒಂದೇ ದೋಣಿ, ಅದೂ ಗುತ್ತಿಗೆದಾರನದು. ಆದರೆ ಆ ದೋಣಿಗೆ ಹನ್ನೆರಡು ಹಲಗೆಗಳಿದ್ದವು, ಹನ್ನೆರಡನ್ನೂ ಅಪ್ಪನೇ ಬಡಿದು ಕೂರಿಸಿದ್ದ. ಹನ್ನೆರಡು ಅನ್ನುವುದೂ ನಿಜ, ದೋಣಿ ಅನ್ನುವುದೂ ನಿಜ. ನಡುವೆ ಹಲಗೆ ಅನ್ನುವ ಒಂದು ಮಾತು ಜಾರಿ ನೀರಿಗೆ ಬಿದ್ದರೆ ಅವಳೇನು ಮಾಡಬೇಕು?

ಹಿಂದಿನಿಂದ ಮಗ ಮೆಲ್ಲಗೆ ಬೆನ್ನು ಮುಟ್ಟಿ ಮುಂದೆ ನಡೆಯಲು ಹೇಳಿದ. ಮೂರು ದಿನದ ರಜೆ, ಆರು ಜನ: ಔಷಧಿ ಕಂಪನಿಯಲ್ಲಿ ಕೆಲಸ ಮಾಡುವ ಮಗ, ಸೊಸೆ, ಏಳು ವರ್ಷದ ಮೊಮ್ಮಗಳು, ಸೊಸೆಯ ಅಪ್ಪ ಅಮ್ಮ, ಮತ್ತು ಇವಳು. ಬೀಗರು ನಿವೃತ್ತ ಹೆಡ್‌ಮಾಸ್ತರರು. ಎಲ್ಲಿಗೆ ಹೋದರೂ ಹಾಜರಿ ತೆಗೆದುಕೊಳ್ಳುವವರಂತೆ ಒಮ್ಮೆ ಸುತ್ತ ನೋಡಿದ ಮೇಲೆಯೇ ಕೂರುವವರು. ದಿನವಿಡೀ ಹೊಳೆಯ ಮೇಲೆ ಸುತ್ತಾಡಿಸುವ ಈ ದೋಣಿಯನ್ನು ಆರಿಸಿದ್ದೂ ಅವರೇ. ಹೊಳೆಯ ಹೆಸರು ಕೇಳಿದಂದಿನಿಂದ ಹೊಲಿಗೆಯಮ್ಮನ ಕಾಲು ನೆಲದ ಮೇಲಿರಲಿಲ್ಲ. ಒಂಬತ್ತು ವರ್ಷದವಳಿದ್ದಾಗ ಬಿಟ್ಟುಹೋದ ನೀರು. ಐವತ್ತಮೂರು ವರ್ಷದಲ್ಲಿ ಒಮ್ಮೆಯೂ ಈ ಕಡೆ ತಲೆ ಹಾಕಿರಲಿಲ್ಲ. ಹೊರಡುವ ಮೊದಲು ಮಗ, ಅಲ್ಲಿ ಹೋಗಿ ಹಳೆಯದನ್ನೆಲ್ಲ ತೆಗೆಯಬೇಡ ಎಂದಿದ್ದ. ಹನ್ನೆರಡು ದೋಣಿಯ ಮಾತಿಗೆ ಹೇಳುತ್ತಿದ್ದಾನೆ ಎಂದುಕೊಂಡು ಅವಳು ನಕ್ಕುಬಿಟ್ಟಿದ್ದಳು.

ಕೂತೊಡನೆ ಕೊಟ್ಟ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟನ್ನು ತಿರುವಿ ಮುರುವಿ ನೋಡಿ, ಪಟ್ಟಿಗೆ ಒಂದೇ ಸುತ್ತು ಹೊಲಿಗೆ ಹಾಕಿದ್ದಾರೆ, ನೀರಿಗೆ ಬಿದ್ದರೆ ನಮಗಿಂತ ಮೊದಲು ಮುಳುಗುವುದು ಇದೇ ಎಂದು ತೀರ್ಪು ಕೊಟ್ಟಳು. ನಲವತ್ತು ವರ್ಷ ಊರಿಗೆ ಊರೇ ತೊಡುವ ಬಟ್ಟೆ ಹೊಲಿದವಳ ಮಾತು. ಬೀಗಿತ್ತಿ ಗಾಬರಿಯಾಗಿ ತಮ್ಮದನ್ನು ಬದಲಾಯಿಸಿಕೊಂಡು ಬಂದರು. ಅಲ್ಲಿಯವರೆಗೆ ಎಲ್ಲ ನಗುನಗುತ್ತಲೇ ಇತ್ತು.

ಗೈಡ್ ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ, ತಲೆಗೆ ಟೋಪಿ, ಕೈಯಲ್ಲಿ ಮೈಕು. ಆ ಮೈಕಿನ ಸದ್ದಿಗೆ ಮೂರು ಊರಾಚೆಯ ಎಮ್ಮೆಗಳು ಹಗ್ಗ ಕಿತ್ತುಕೊಂಡಿರಬೇಕು. ಎಡಕ್ಕೆ ನೋಡಿ ಹಕ್ಕಿ, ಬಲಕ್ಕೆ ನೋಡಿ ಹಳೆಯ ಸೇತುವೆಯ ಕಂಬ ಎನ್ನುತ್ತ, ನಡುನಡುವೆ ಗಂಡ ಹೆಂಡಿರ ಜೋಕು ಸೇರಿಸುತ್ತ, ಮೂವತ್ತು ಜನರನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದ. ಹೊಲಿಗೆಯಮ್ಮ ಅವನ ಮಾತು ಕೇಳುತ್ತಿರಲಿಲ್ಲ. ತಿರುವು ಬರುವುದನ್ನೇ ಕಾಯುತ್ತಿದ್ದಳು. ತಿರುವು ಬಂತು. ಕಪ್ಪು ಬಂಡೆ ಆನೆ ಮಲಗಿದಂತೆ ಹಾಗೆಯೇ ಇತ್ತು. ಬಂಡೆಯ ಪಕ್ಕದಲ್ಲಿ ಅಪ್ಪನ ದೋಣಿ ನಿಲ್ಲುತ್ತಿದ್ದ ಕಡವು, ಕಲ್ಲಿನ ನಾಲ್ಕು ಮೆಟ್ಟಿಲು. ಅವಳು ಮೊಮ್ಮಗಳ ಭುಜ ಹಿಡಿದು ತೋರಿಸಲು ಬೆರಳೆತ್ತಿದಳು.

ಅಷ್ಟರಲ್ಲಿ ಗೈಡ್ ಎಂಜಿನ್ ನಿಧಾನ ಮಾಡಿಸಿದ. ಐವತ್ತು ವರ್ಷದ ಹಿಂದೆ ಇಲ್ಲಿ ಒಬ್ಬ ಅಂಬಿಗನಿದ್ದ, ನೀರಿನ ಮೇಲೆ ಇರುತ್ತಿದ್ದನಾದರೂ ಒಳಗೆ ಹೋಗುತ್ತಿದ್ದುದು ಮಾತ್ರ ಬೇರೆಯ ನೀರು, ಎಂದು ಶುರು ಮಾಡಿದ. ಜನ ನಕ್ಕರು. ಒಂದು ಸಂತೆಯ ದಿನ ಕಂಠಪೂರ್ತಿ ಕುಡಿದು, ಕುಣಿಯುತ್ತ ದೋಣಿ ನಡೆಸಿ, ಹನ್ನೊಂದು ಜನರನ್ನು ಮುಳುಗಿಸಿ, ತಾನೊಬ್ಬನೇ ಈಜಿ ದಡ ಸೇರಿದ. ಈಗಲೂ ಅವನು ಈ ಬಂಡೆಯೊಳಗೆ ಕೂತಿದ್ದಾನೆ, ಕರೆದರೆ ಓಗೊಡುತ್ತಾನೆ. ಗೈಡ್ ತೂರಾಡಿ ತೋರಿಸಿದ, ಮೈಕನ್ನೇ ಬಾಟಲಿಯಂತೆ ಬಾಯಿಗೆ ಎತ್ತಿದ.

"ಎಲ್ರೂ ಒಟ್ಟಿಗೆ ಕೂಗಿ. ಕುಡುಕಣ್ಣಾ, ದೋಣಿ ತಾರೋ."

ಮೂವತ್ತು ಗಂಟಲು ಕೂಗಿದವು. ಬಂಡೆ ತಿರುಗಿ ಕೂಗಿತು. ಬೀಗರು ಮೈದಾನದಲ್ಲಿ ಸಾಲು ನಿಲ್ಲಿಸುವ ದನಿಯಲ್ಲಿ ಕೂಗಿದರು. ಮೊಮ್ಮಗಳು ಕುರ್ಚಿಯ ಮೇಲೆ ಹತ್ತಿ, ಕುಣಿದು ಕುಣಿದು, ತನ್ನ ಮುತ್ತಜ್ಜನನ್ನು ಕುಡುಕಣ್ಣಾ ಎಂದು ಕರೆದಳು. ಮಗುವಿಗೇನು ಗೊತ್ತು. ಹೊಲಿಗೆಯಮ್ಮ ಮಗನ ಕಡೆ ತಿರುಗಿದಳು. ಅವನಿಗೆ ಗೊತ್ತಿತ್ತು. ಅವನು ಎರಡು ಕೈಯನ್ನೂ ಬಾಯಿಯ ಸುತ್ತ ಬಟ್ಟಲು ಮಾಡಿ, ಮಾವನ ದನಿಗೆ ದನಿ ಸೇರಿಸಿ ಕೂಗುತ್ತಿದ್ದ.

ಸಿಟ್ಟು ಬಂತು ಎಂದರೆ ಸಾಲದು. ಹೊಲಿಯುತ್ತಿರುವಾಗ ಯಂತ್ರದ ಬೆಲ್ಟ್ ಹರಿದರೆ ಚಕ್ರ ಒಂದೇ ಸಮನೆ ತಿರುಗುತ್ತದೆ, ಸೂಜಿ ಮಾತ್ರ ಅಲ್ಲೇ ನಿಂತಿರುತ್ತದೆ. ಅವಳ ಎದೆಯೊಳಗೆ ಹಾಗಾಯಿತು. ಎದ್ದು ನಿಂತು, ದೋಣಿ ಯಾವ ಕಡೆಗೆ ಮಗುಚಿತು ಎಂದು ಗೈಡನ್ನು ಕೇಳಿದಳು. ಎಡಕ್ಕೆ ಎಂದ ಹುಡುಗ. ಈ ತಿರುವಿನಲ್ಲಿ ನೀರು ಬಲಕ್ಕೆ ಎಳೆಯುತ್ತದೆ, ಎಡಕ್ಕೆ ಮಗುಚಬೇಕಾದರೆ ದೋಣಿ ಬಂಡೆ ಹತ್ತಬೇಕು ಎಂದಳು. ಅಂಬಿಗ ಕೂರುವುದು ಮುಂದೆಯೋ ಹಿಂದೆಯೋ, ಕುಣಿಯಲು ಅವನಿಗೆ ಜಾಗವೆಲ್ಲಿ, ಹುಟ್ಟು ಹಿಡಿದ ಕೈಯಲ್ಲಿ ಬಾಟಲಿ ಹಿಡಿಯುವುದು ಹೇಗೆ ಎಂದು ಒಂದರ ಹಿಂದೆ ಒಂದು ಕೇಳಿದಳು. ಜನರಿಗೆ ಅದೂ ಆಟದ ಒಂದು ಭಾಗವೆನಿಸಿತು. ಗೈಡ್ ಮೈಕಿನಲ್ಲಿ, ಅಜ್ಜಿ ನಮ್ಮ ಕಂಪನಿಗೇ ಬಂದುಬಿಡಿ, ನಾನು ಮನೆಗೆ ಹೋಗ್ತೀನಿ ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ಬೀಗರು ಮೆಚ್ಚಿಕೊಂಡು, ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು ಎಂದು ಕೇಳಿದರು. ಹೊಲಿಗೆಯಮ್ಮ ಬಾಯಿ ತೆರೆಯುವುದರೊಳಗೆ ಮಗ ಅಡ್ಡ ಬಂದ.

"ಅವರಪ್ಪಂದು ಹನ್ನೆರಡು ದೋಣಿ ಇದ್ವಲ್ಲ ಮಾವ."

ಅವಳದೇ ಮಾತು, ಅವಳ ಬಾಯಿಗೇ ತುರುಕಿದಂತಾಯಿತು. ಕೂತಳು. ಮಧ್ಯಾಹ್ನದವರೆಗೆ ಯಾರೊಡನೆಯೂ ಒಂದು ಮಾತಾಡಲಿಲ್ಲ. ಅವಳ ನಾಲಿಗೆ ಅಷ್ಟು ಹೊತ್ತು ಸುಮ್ಮನಿದ್ದದ್ದು ಹುಟ್ಟಿದಂದಿನಿಂದ ಅದೇ ಮೊದಲು.

ಊಟಕ್ಕೆ ದೋಣಿಯನ್ನು ಹೊಳೆಯ ನಡುವಿನ ಮರಳುದಿಬ್ಬಕ್ಕೆ ತಂದು ನಿಲ್ಲಿಸಿದರು. ದೊಡ್ಡ ಕೊಡೆಗಳು, ಮಡಿಸುವ ಮೇಜುಗಳು, ರಟ್ಟಿನ ಡಬ್ಬಿಗಳಲ್ಲಿ ಊಟ. ವಾಪಸು ಹೋಗುವಾಗ ಬಂಡೆಯ ಹತ್ತಿರ ಇನ್ನೊಮ್ಮೆ ಕೂಗಿಸುವುದಾಗಿಯೂ, ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವರಿಗೆ ಟೋಪಿ ಬಹುಮಾನವೆಂದೂ ಗೈಡ್ ಸಾರಿದ. ಮೊಮ್ಮಗಳು ಈಗಲೇ ಗಂಟಲು ಸರಿಮಾಡಿಕೊಳ್ಳತೊಡಗಿದಳು. ಹೊಲಿಗೆಯಮ್ಮ ಡಬ್ಬಿ ತೆರೆಯಲಿಲ್ಲ. ಮಗನ ಮೊಣಕೈ ಹಿಡಿದು, ಕೊಡೆಗಳ ಸಾಲು ದಾಟಿಸಿ, ನೀರಿನ ಅಂಚಿಗೆ ಎಳೆದುಕೊಂಡು ಹೋದಳು.

"ಆ ಹುಡುಗ ಹೊಟ್ಟೆಪಾಡಿಗೆ ಹೇಳ್ತಾನೆ. ನೀನು ಯಾವ ಪಾಡಿಗೆ ಕೂಗಿದೆ?"

ಎಲ್ಲರೂ ಕೂಗುವಾಗ ತಾನೊಬ್ಬ ಸುಮ್ಮನೆ ಕೂತರೆ ಯಾಕೆ ಎಂದು ಕೇಳುತ್ತಾರೆ, ಆಗ ಏನು ಹೇಳಲಿ ಎಂದ ಮಗ. ಹೇಳಬೇಕಾದದ್ದನ್ನೇ ಹೇಳಬೇಕಿತ್ತು ಎಂದಳು. ಅವನಿಗೂ ಸಿಟ್ಟು ಬಂತು. ದನಿ ತಗ್ಗಿಸಿ, ಕೊಡೆಗಳ ಕಡೆ ಒಮ್ಮೆ ನೋಡಿ, ಹಲ್ಲು ಕಚ್ಚಿ ಮಾತಾಡಿದ.

"ಮದುವೇಲಿ ಹನ್ನೆರಡು ದೋಣಿ ಅಂದೋಳು ನೀನು. ಒಂಬತ್ತು ವರ್ಷದಿಂದ ಆ ಹನ್ನೆರಡನ್ನೂ ತಲೆ ಮೇಲೆ ಹೊತ್ಕೊಂಡು ತಿರುಗ್ತಿರೋನು ನಾನು. ಈಗ ಎಲ್ಲಿ ಇಳಿಸ್ಲಿ ಹೇಳು."

ಅದು ನಾಟಿತು. ಅವಳು ನೀರು ನೋಡಿದಳು. ಮಗ ಅಷ್ಟಕ್ಕೆ ನಿಲ್ಲಿಸಲಿಲ್ಲ. ತಾತ ಕುಡಿದಿದ್ದು ಸುಳ್ಳಂತೂ ಅಲ್ಲವಲ್ಲ, ಪೇಪರಿನಲ್ಲೇ ಬಂದಿತ್ತೆಂದು ನನ್ನ ಅಪ್ಪ ಹೇಳಿದ್ದರು, ನೀನೂ ಒಂದು ದಿನವಾದರೂ ಅಲ್ಲವೆಂದು ಹೇಳಿದವಳಲ್ಲ, ಎಂದ.

ಆಗ ಅವಳು ಹೇಳಿದಳು. ಗಂಡನಿಗೂ ಹೇಳದೆ ಇಟ್ಟುಕೊಂಡದ್ದು. ಅಪ್ಪನ ದೋಣಿಗೆ ಇಪ್ಪತ್ತು ಜನ. ಇಪ್ಪತ್ತೊಂದನೆಯವನ ಕಾಲು ಒಳಗೆ ಬಿದ್ದರೆ ಅಪ್ಪ ಬೈಯುತ್ತಿರಲಿಲ್ಲ, ಜಗಳವಾಡುತ್ತಿರಲಿಲ್ಲ, ಹುಟ್ಟನ್ನು ಹೆಗಲಿಗೆ ಹಾಕಿಕೊಂಡು ದಡಕ್ಕೆ ಇಳಿದುಬಿಡುತ್ತಿದ್ದ. ಹೆಚ್ಚಿನವನು ಇಳಿಯುವವರೆಗೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಆ ಸಂತೆಯ ದಿನ ಗುತ್ತಿಗೆದಾರನ ಭಾವಮೈದುನ ಮೂವತ್ತನಾಲ್ಕು ಜನರನ್ನು ತುಂಬಿದ. ಅಪ್ಪ ಇಳಿದು ಕೂತ. ಭಾವಮೈದುನ, ನೀನಿಲ್ಲದಿದ್ದರೆ ಹೊಳೆ ದಾಟುವುದಿಲ್ಲವೇನು ಎಂದು ತಾನೇ ಬಿದಿರು ಗಳ ಹಿಡಿದು ದೋಣಿ ನೂಕಿದ. ತಿರುವಿನಲ್ಲಿ ಅದು ಬಲಕ್ಕೆ ಮಗುಚಿತು. ಅಪ್ಪ ದಡದಿಂದ ಹಾರಿ, ಸಂಜೆಯವರೆಗೆ ಮುಳುಗಿ ಮುಳುಗಿ ಏಳು ಜನರನ್ನು ಎಳೆದು ತಂದ. ಏಳು ಎಂದಳು. ಎಪ್ಪತ್ತು ಅನ್ನಲಿಲ್ಲ, ಎಂಟು ಕೂಡ ಅನ್ನಲಿಲ್ಲ. ಲೆಕ್ಕಕ್ಕೆ ಒಂದು ಸೇರಿಸದೆ ಅವಳು ಮಾತಾಡುವುದನ್ನು ಮಗ ಕೇಳಿದ್ದು ಅದೇ ಮೊದಲು.

ಅಪ್ಪನನ್ನು ಮನೆಗೆ ತಂದಾಗ ಮೈ ನೀಲಿಗಟ್ಟಿ ಹಲ್ಲು ಕಟಕಟ ಎನ್ನುತ್ತಿತ್ತು. ಮೈ ಬೆಚ್ಚಗಾಗಲಿ ಎಂದು ಅಮ್ಮ ಇವಳನ್ನು ಪಕ್ಕದ ಮನೆಗೆ ಓಡಿಸಿದಳು.

"ಬಾಟಲಿ ತಂದೋಳು ನಾನು. ಎದೆಗೆ ತಿಕ್ಕಿದೋಳೂ ನಾನು, ಬಾಯಿಗೆ ಹೊಯ್ದೋಳೂ ನಾನು. ಬಟ್ಟಲು ಕೆಳಗಿಡೋ ಹೊತ್ತಿಗೆ ಪೊಲೀಸ್ನೋರು ಬಂದ್ರು. ಬೇಕಾದ್ರೆ ಅವನ ಬಾಯಿ ಮೂಸಿ ನೋಡಿ ಅಂದ ಗುತ್ತಿಗೆದಾರ. ಮೂಸಿದ್ರು."

ಎರಡು ವರ್ಷ ಒಳಗಿಟ್ಟು ಬಿಟ್ಟರು. ಹೊರಗೆ ಬಂದ ಅಪ್ಪ ಬದುಕಿರುವವರೆಗೆ ಇನ್ನೊಂದು ಸಲ ಹುಟ್ಟು ಮುಟ್ಟಲಿಲ್ಲ, ಮಗಳನ್ನು ಒಂದು ಮಾತು ಅನ್ನಲೂ ಇಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದಳು ಹೊಲಿಗೆಯಮ್ಮ.

ಮಗ ಬೂಟಿನ ತುದಿಯಿಂದ ಮರಳು ಕೆದಕಿದ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದ. ವಾಪಸು ಹೋಗುವಾಗ ಮತ್ತೆ ಕೂಗಿಸುತ್ತಾನೆ, ಅದಕ್ಕೆ ಮೊದಲು ನಿನ್ನ ಮಾವನಿಗೆ, ನಿನ್ನ ಮಗಳಿಗೆ, ಆ ಅಂಬಿಗ ಯಾರೆಂದು ಹೇಳು ಎಂದಳು. ಮನೆಗೆ ಹೋಗಿ ನಿಧಾನವಾಗಿ ಹೇಳುತ್ತೇನೆ, ಇಲ್ಲಿ ಇಷ್ಟು ಜನರ ಎದುರು ಬೇಡ ಎಂದು ಮಗ ಬೇಡಿಕೊಂಡ. ಬೇಕಾದರೆ ನೀನೇ ಹೇಳು ಎಂದ.

"ನಾನು ಹೇಳಿದ್ರೆ ಹದಿಮೂರನೇ ದೋಣಿ ಅಂದ್ಕೋತಾರೆ. ನಿನ್ನ ಬಾಯಿಂದಲೇ ಬರ್ಬೇಕು."

ದೋಣಿಯ ಸೀಟಿ ಕೂಗಿತು. ಜನ ಡಬ್ಬಿಗಳನ್ನು ಚೀಲಕ್ಕೆ ತುಂಬಿ, ಮರಳು ಕೊಡವಿಕೊಂಡು, ಒಬ್ಬೊಬ್ಬರಾಗಿ ಹಲಗೆ ಹತ್ತಿದರು. ಹೊಲಿಗೆಯಮ್ಮ ಜಾಕೆಟ್ಟಿನ ಪಟ್ಟಿ ಬಿಚ್ಚಿ, ಅದನ್ನು ಪಕ್ಕಕ್ಕಿಟ್ಟು, ಮರಳಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು. ಸೊಸೆ ಮೇಲಿನಿಂದ ಕರೆದಳು. ಬೀಗಿತ್ತಿ ಕೈ ಬೀಸಿದರು. ಗೈಡ್ ಕೆಳಗಿಳಿದು ಬಂದು, ಟೈಮಾಯ್ತು ಅಜ್ಜಿ, ಕೈ ಕೊಡಿ ಎಂದು ಬಗ್ಗಿದ.

"ಹೋಗಿ ನಿಂತ್ಕೋ ಮಗಾ. ನಿನ್ನ ಸರದಿ ಆಮೇಲೆ."

ಹುಡುಗ ಆ ಮುಖ ನೋಡಿ ಟೋಪಿ ಸರಿಮಾಡಿಕೊಂಡು ಹಿಂದಕ್ಕೆ ಹೋದ. ಮಗ ಮಂಡಿಯೂರಿ ಕೂತು ಕಿವಿಯ ಹತ್ತಿರ ಏನೇನೋ ಹೇಳಿದ. ಎಲ್ಲರೂ ನೋಡುತ್ತಿದ್ದಾರೆ ಎಂದ, ಮಾವ ಏನಂದುಕೊಳ್ಳುತ್ತಾರೆ ಎಂದ, ಕೊನೆಗೆ ದಮ್ಮಯ್ಯ ಎಂದ. ಅವಳು ಅವನ ಕಡೆ ತಿರುಗಲಿಲ್ಲ. ಎತ್ತಿಕೊಂಡು ಹೋಗಲು ಆಗುವಂಥ ಹೆಂಗಸಲ್ಲ. ನಾಲ್ಕು ಜನ ಹಿಡಿದರೆ ಎಂಟು ಜನರ ಭಾರವಾಗುವವಳು. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಎದ್ದು, ದೋಣಿಯ ಕಡೆ ನಾಲ್ಕು ಹೆಜ್ಜೆ ಹೋಗಿ, ಒಂದು ಕಾಲನ್ನು ಹಲಗೆಯ ಮೇಲಿಟ್ಟು, ಇನ್ನೊಂದನ್ನು ಮರಳಿನಲ್ಲೇ ಬಿಟ್ಟು ನಿಂತ.

ಬೀಗರು ಕಟಕಟೆಗೆ ಒರಗಿ ಕೆಳಗೆ ನೋಡಿದರು. ಮೊಮ್ಮಗಳು ಅವರ ತೋಳಿನ ಸಂದಿಯಿಂದ ತಲೆ ತೂರಿಸಿದಳು.

"ಏನಾಯ್ತು ಅಳಿಯಂದಿರೇ? ಬೀಗಿತ್ತಿ ಯಾಕೆ ಹತ್ತಲ್ಲ ಅಂತಾರೆ?"

ಎಂಜಿನ್ ಹತ್ತಿರ ಕೂತಿದ್ದ ಚಾಲಕ, ಇದು ಬೇಗ ಮುಗಿಯುವ ವ್ಯವಹಾರವಲ್ಲವೆಂದು ತಿಳಿದು, ಎಂಜಿನ್ ಆರಿಸಿದ. ಅಷ್ಟು ಹೊತ್ತೂ ಕೇಳದೆ ಇದ್ದ ನೀರಿನ ಸದ್ದು ಈಗ ಕೇಳಿಸಿತು. ಸಣ್ಣ ಸಣ್ಣ ಅಲೆಗಳು ಬಂದು ಮಗನ ಬೂಟಿನ ಕೆಳಗಿನ ಮರಳನ್ನು ಚೂರುಚೂರಾಗಿ ಒಯ್ಯುತ್ತಿದ್ದವು. ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಒಮ್ಮೆ ತಾಯಿಯ ಬೆನ್ನು ನೋಡಿದ. ಆಮೇಲೆ ತಲೆಯೆತ್ತಿ, ಮಾವನನ್ನೂ ಮಗಳನ್ನೂ ನೋಡಿ, ಬಾಯಿ ತೆರೆದ.

ಏನೆಂದ ಎನ್ನುತ್ತೀರಿ? ನೀವೂ ಯಾರದೋ ಮೊಮ್ಮಕ್ಕಳೇ. ಹೇಳಿ ನೋಡೋಣ.