ಮಚ್ಛೇಂದ್ರ ಆಣೆ ಮಾಡುವುದನ್ನು ಬಿಟ್ಟ

ಭಾಲ್ಕಿ ಸ್ಟೇಷನ್ನಿನಿಂದ ಊರೊಳಗೆ ಟಾಂಗಾ ಹೊಡೆಯುವ ಮಚ್ಛೇಂದ್ರ, ಕುಡಿತ ಬಿಡುತ್ತೇನೆಂದು ಆಣೆ ಮಾಡಿದ್ದು ಅದು ಹನ್ನೊಂದನೆಯ ಸಲ. ಈ ಸಲ ಮಗಳ ತಲೆಯ ಮೇಲೆ ಕೈಯಿಟ್ಟು ಹೇಳಿದ್ದ. ಮೂರನೆಯ ದಿನ ಶೇಂದಿ ಅಂಗಡಿಯಿಂದ ತೂರಾಡುತ್ತ ಮನೆಗೆ ಬಂದ. ಹೆಂಡತಿ ಕೇಶರಬಾಯಿ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಿ ನೋಡಲಿಲ್ಲ.

"ಇವತ್ತು ಬೈಯಂಗಿಲ್ಲೇನು?" ಎಂದು ಅವನೇ ಕೇಳಿದ.

"ಬೈದು ಬೈದು ನನ್ನ ಗಂಟಲ ಒಣಗ್ಯದ. ಕೈಕಾಲು ತೊಳ್ಕೊಂಡು ಉಣ್ರಿ."

ಮೂಲೆಯಲ್ಲಿ ಕೂತಿದ್ದ ಅವನ ತಾಯಿ ಜಿಜಾಬಾಯಿ ಸುಮ್ಮನಿರಲಿಲ್ಲ. "ನನ್ನ ಮಗಗ ಯಾರೋ ಭಾನಾಮತಿ ಮಾಡ್ಯಾರ. ಔರಾದ ಕಡಿ ಒಬ್ಬ ಮಂತ್ರಗಾರ ಇದ್ದಾನಂತ. ನಾಕು ಏಟು ಬಿಟ್ಟು ಇಳಿಸ್ತಾನಂತ."

"ಮೊದ್ಲ ನಿಮ್ಮ ಮಗಗ ಕುಡಿಯೂದು ಕಲಿಸಿದವ್ರನ್ನ ಹಿಡೀರಿ ಅತ್ತಿ. ಭಾನಾಮತಿ ಆಮ್ಯಾಲ ನೋಡೂಣು," ಎಂದಳು ಕೇಶರಬಾಯಿ.

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಆಗ ವರ್ಷ ತುಂಬಿತ್ತು. ಕಚೇರಿಗಳ ಮೇಲೆ ಉರ್ದು ಬೋರ್ಡು ಇಳಿದು ಕನ್ನಡ ಬೋರ್ಡು ಏರುತ್ತಿದ್ದವು. ಮಚ್ಛೇಂದ್ರನಿಗೆ ಅದೂ ಓದಲು ಬರುತ್ತಿರಲಿಲ್ಲ, ಇದೂ ಬರುತ್ತಿರಲಿಲ್ಲ. ಮನುಷ್ಯ ಕೆಟ್ಟವನಲ್ಲ. ಆದರೆ ಕೈಗೆತ್ತಿಕೊಂಡ ಒಂದು ಕೆಲಸವನ್ನೂ ಮುಗಿಸುತ್ತಿರಲಿಲ್ಲ. ಕುದುರೆಗೆ ನೀರು ತರಲು ಹೋದವನು ದಾರಿಯಲ್ಲಿ ಯಾರದೋ ಮನೆಯ ಮಾಡು ಕಟ್ಟಲು ನಿಲ್ಲುತ್ತಿದ್ದ. ಕುದುರೆ ಬಾಯಾರಿ ನಿಂತಿರುತ್ತಿತ್ತು. ಯಾರಾದರೂ ಒಂದು ಮಾತು ಅಂದರೆ ಸಾಕು, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ. ಎಸೆದ ಮೇಲೆ ಅಳುತ್ತಿದ್ದ. ಅತ್ತ ಮೇಲೆ ಕುಡಿಯುತ್ತಿದ್ದ.

ಆ ವಾರವೇ ಅನಾಹುತವಾಯಿತು. ಭಾತಂಬ್ರಾದ ಕೌಸಲ್ಯಾಬಾಯಿ ಎಂಬ ವಯಸ್ಸಾದ ಹೆಣ್ಣುಮಗಳು ರೈಲು ಇಳಿದು ಅವನ ಟಾಂಗಾ ಹತ್ತಿದಳು. ಶೇಂದಿ ಅಂಗಡಿಯ ಮುಂದೆ ಮಚ್ಛೇಂದ್ರ, "ಒಂದ ನಿಮಿಷ ತಾಯಿ, ಬಂದೆ," ಎಂದು ಲಗಾಮು ಬಿಟ್ಟು ಇಳಿದ. ಒಂದು ನಿಮಿಷ ಒಂದು ತಾಸಾಯಿತು. ಗಾಡಿಯಲ್ಲಿ ಮುದುಕಿ ಕೂತಿದ್ದಾಳೆಂಬುದೇ ಅವನ ನೆನಪಿನಿಂದ ಹೋಗಿತ್ತು. ಬಿಸಿಲು ತಾಳದ ಕುದುರೆ ತಾನೇ ನಡೆದು, ಟಾಂಗಾ ಚರಂಡಿಗೆ ಉರುಳಿ, ಮುದುಕಿಯ ಬಲಗೈ ಮುರಿಯಿತು.

ಹಿಂದೆ ಬರುತ್ತಿದ್ದ ಟಾಂಗಾದವನು ಉಸ್ಮಾನ ಮಿಯಾ. ಅವನೇ ಅವಳನ್ನು ಎತ್ತಿ ದವಾಖಾನೆಗೆ ಒಯ್ದ. ಸಂಜೆ ನೇರವಾಗಿ ಮಚ್ಛೇಂದ್ರನ ಮನೆಗೆ ಬಂದ.

"ಭಾಬಿ, ಇವತ್ತು ಕೈ ಮುರೀತು. ನಾಳಿ ಯಾರದರ ಜೀವ ಹೋಗ್ತದ. ಪ್ರತಿ ಗುರುವಾರ ಬೀದರದಿಂದ ಡಾಕ್ಟರ ಜಹೀರೋದ್ದೀನ ಸಾಬ್ರು ಇಲ್ಲಿ ಬರ್ತಾರ. ಬೆಂಗಳೂರಾಗ ಮನಸಿನ ಬ್ಯಾನಿ ನೋಡೂದು ಕಲ್ತು ಬಂದಾರ. ನನ್ನ ತಮ್ಮಗ ಗಾಂಜಾ ಬಿಡಿಸಿದವ್ರು ಅವ್ರೇ."

"ನನ್ನ ಮಗಗ ಹುಚ್ಚು ಹಿಡಿದಿಲ್ಲೋ ಉಸ್ಮಾನ," ಎಂದಳು ಜಿಜಾಬಾಯಿ.

"ಹುಚ್ಚು ಅಂತ ಯಾರಂದ್ರು ಮಾಂಜಿ? ಜ್ವರ ಬಂದ್ರ ದವಾಖಾನಿಗೆ ಹೋಗಂಗಿಲ್ಲೇನು?"

"ಹನ್ನೊಂದು ಆಣಿ ಆದ್ವು," ಎಂದಳು ಕೇಶರಬಾಯಿ. "ಇದೊಂದು ಆಗಿ ಬಿಡ್ಲಿ. ಆಗಲಿಲ್ಲಂದ್ರ ನಾ ಮೆಹಕರಕ್ಕ, ತವರಿಗಿ ಹೋಗ್ತೇನಿ. ತಿರುಗಿ ಬರಂಗಿಲ್ಲ."

ಗುರುವಾರ ಗಂಡ, ಹೆಂಡತಿ, ತಾಯಿ ಮೂವರೂ ದವಾಖಾನೆಗೆ ಹೋದರು. ಬೈಗುಳ ಬೀಳುತ್ತದೆಂದು ಮಚ್ಛೇಂದ್ರ ತಲೆ ತಗ್ಗಿಸಿ ಕೂತಿದ್ದ. ಡಾಕ್ಟರು ಯಾಕೆ ಕುಡಿಯುತ್ತೀ ಎಂದು ಕೇಳಲೇ ಇಲ್ಲ.

"ನಿನ್ನಿ ಕುಡಿಯೂಕಿಂತ ಮೊದ್ಲ ಏನಾಗಿತ್ತು ಮಚ್ಛೇಂದ್ರ?"

"ಏನೂ ಆಗಿಲ್ರಿ ಸಾಬ್ರ. ಒಂದ ರೈಲು ಹೋಗಿತ್ತು. ಇನ್ನೊಂದು ಬರೂತನಕ ಕುಂದರಬೇಕಿತ್ತು."

"ಕುಂತ್ರ ಏನಾಗ್ತದ?"

ಮಚ್ಛೇಂದ್ರ ತಲೆ ಎತ್ತಿದ. ಈ ಪ್ರಶ್ನೆಯನ್ನು ಯಾರೂ ಅವನಿಗೆ ಕೇಳಿರಲಿಲ್ಲ. "ಮೈಯಾಗ ಇರುವಿ ಹರಿದಂಗ ಆಗ್ತದ್ರಿ. ಸಣ್ಣವ ಇದ್ದಾಗಿಂದ ಹಂಗ. ಸಾಲ್ಯಾಗ ಒಂದ ಕಡಿ ಕುಂದರಲ್ಲ ಅಂತ ಮಾಸ್ತರು ಹೊಡೆದು ಓಡಿಸಿದ್ರು. ಶೇಂದಿ ಕುಡಿದ್ರ ಇರುವಿ ನಿಲ್ತಾವ್ರಿ."

ಕೇಶರಬಾಯಿ ಗಂಡನ ಮುಖ ನೋಡಿದಳು. ಹದಿನಾಲ್ಕು ವರ್ಷ ಸಂಸಾರ ಮಾಡಿದವಳು ಈ ಮಾತನ್ನು ಮೊದಲ ಸಲ ಕೇಳುತ್ತಿದ್ದಳು.

"ಮನಸು ಒಂದ ಕಡಿ ನಿಲ್ಲಂಗಿಲ್ಲ. ಅದಕ್ಕ ಕೆಲಸ ಕೆಡ್ತದ," ಎಂದರು ಡಾಕ್ಟರು. "ಕೆಲಸ ಕೆಟ್ರ ಮಂದಿ ಬೈತಾರ. ಬೈದ್ರ ಸಿಟ್ಟು ಬರ್ತದ. ಸಿಟ್ಟು ಇಳೀಲಿ ಅಂತ ಕುಡೀತಾನ. ಕುಡಿತ ಒಂದೇ ಹಿಡ್ದು ಜಗ್ಗಿದ್ರ ಉಳಿದದ್ದು ಹಂಗೇ ಉಳೀತದ. ಎಲ್ಲಾ ಕೂಡಿ ನೋಡಬೇಕು."

ಜಿಜಾಬಾಯಿಗೆ ತಡೆಯಲಾಗಲಿಲ್ಲ. "ಬರೇ ಮಾತಾಡಿದ್ರ ಚಟ ಬಿಡ್ತದೇನ್ರಿ ಸಾಬ್ರ? ನಾಕು ಏಟು ಬಿದ್ರ ಇಳೀತಿತ್ತು."

"ಇಲ್ಲೀತನಕ ಎಷ್ಟು ಏಟು ಬಿದ್ದಾವು ಅವ್ವಾ?"

"ಯಾರು ಎಣಿಸ್ಯಾರ್ರಿ. ಅವರಪ್ಪ ಹೊಡ್ದ, ಮಾಸ್ತರು ಹೊಡ್ದ್ರು, ಪೊಲೀಸ್ರು ಹೊಡ್ದ್ರು."

"ಇಳೀತೇನು?"

ಜಿಜಾಬಾಯಿ ಗೋಡೆಯ ಕಡೆ ಮುಖ ತಿರುಗಿಸಿದಳು.

"ಹಂಗಾರ ಇವತ್ತಿಂದ್ಲೇ ಬಿಡ್ತೇನ್ರಿ. ಆಣಿ ಮಾಡ್ತೇನಿ," ಎಂದ ಮಚ್ಛೇಂದ್ರ.

"ಆಣಿ ಬ್ಯಾಡ. ಒಮ್ಮಿಗೇನೂ ಬಿಡಬ್ಯಾಡ. ದಿನಾ ಬಾಳ ಕುಡಿಯಾವ್ರು ಒಮ್ಮಿಗೇ ನಿಲ್ಲಿಸಿದ್ರ ಕೈ ನಡುಗ್ತದ, ಫಿಟ್ಸ್ ಬರ್ತದ, ಒಮ್ಮೊಮ್ಮಿ ಜೀವಕ್ಕೇ ಕುತ್ತು. ಬೀದರಕ್ಕ ಬಾ. ನಮ್ಮ ಕಣ್ಣ ಮುಂದ ಇರು. ಔಷಧ ಕೊಟ್ಟು ಬಿಡಿಸ್ತೇವಿ."

ಬೀದರದಲ್ಲಿ ಎಂಟು ದಿನ ಇಟ್ಟುಕೊಂಡರು. ಮೊದಲ ಮೂರು ದಿನ ಲೋಟ ಹಿಡಿಯಲಾಗದಷ್ಟು ಕೈ ನಡುಗಿತು. ನಡುಕ ಇಳಿದ ಮೇಲೆ ಡಾಕ್ಟರು ದಿನವೂ ಅವನ ಜೊತೆ ಕೂತು ಮಾತಾಡಿದರು. ಅವನು ಓದಲಾರ, ಹಾಗಾಗಿ ಒಂದು ಹಲಗೆಯ ಮೇಲೆ ಸುಣ್ಣದಿಂದ ಚಿತ್ರ ಬರೆಸಿದರು: ನೀರಿನ ಬಕೀಟು, ಲಗಾಮು, ಗಾಲಿಯ ಕೀಲು, ಗಾಡಿಯಲ್ಲಿ ಕೂತ ಮನುಷ್ಯ. ಗಾಡಿ ಬಿಡುವ ಮೊದಲು ಒಂದೊಂದು ಚಿತ್ರವನ್ನೂ ಮುಟ್ಟಿ ಅದನ್ನು ನೋಡಿಕೊಳ್ಳಬೇಕು, ಒಂದು ಮುಗಿಯದೆ ಇನ್ನೊಂದಕ್ಕೆ ಹೋಗಬಾರದು. ಎರಡು ರೈಲಿನ ನಡುವಿನ ಹೊತ್ತು ಖಾಲಿ ಕೂಡಬಾರದು, ಕುದುರೆಯ ಮೈ ಉಜ್ಜಬೇಕು, ಇಲ್ಲವೇ ಉಸ್ಮಾನನ ಜೊತೆ ಹುಲ್ಲು ತರಲು ಹೋಗಬೇಕು. ಸಿಟ್ಟು ಏರಿತೆಂದರೆ ಮೊದಲು ಕೈಯಲ್ಲಿದ್ದ ಚಾಬೂಕು ಕೆಳಗಿಡಬೇಕು. ಆಮೇಲೆ ಬಾವಿಯವರೆಗೆ ನಡೆದು, ಕೈಕಾಲಿಗೆ ತಣ್ಣೀರು ಸುರಿದುಕೊಂಡು ಬಂದು ಮಾತಾಡಬೇಕು.

ಡಾಕ್ಟರು ಮನೆಯವರಿಗೂ ಪಾಠ ಹೇಳಿದರು. "ಕುಡಿದು ಬಂದಾಗ ಜಗಳ ತೆಗೀಬ್ಯಾಡ್ರಿ, ಅದು ಅವನ ಕಿವಿಗೆ ಹೋಗಂಗಿಲ್ಲ. ಹೇಳೂದೆಲ್ಲಾ ಮುಂಜಾನಿ ಹೇಳ್ರಿ. ನೆಟ್ಟಗ ಮಾಡಿದ್ದು ಕಂಡ್ರ ಅದನ್ನೂ ಹೇಳ್ರಿ. ಕೈ ಎತ್ತಿದ್ರ ಮಾತ್ರ ಸಹಿಸ್ಕೋಬ್ಯಾಡ್ರಿ. ಮಗಳನ್ನ ಕರ್ಕೊಂಡು ಅಲ್ಲಿಂದ ಹೊರಬೀಳ್ರಿ."

"ಅಂದ್ರ ಎಲ್ಲಾ ನಾವೇ ಮಾಡ್ಬೇಕೇನ್ರಿ? ಕುಡಿದವ್ರು ಇವ್ರು, ಬುದ್ಧಿ ನಮಗ," ಎಂದಳು ಕೇಶರಬಾಯಿ.

"ನೀವು ದಣಿದೀರಿ ಅಂತ ಗೊತ್ತದ ತಾಯಿ. ಕೆಲಸ ಅವನದೇ. ನೀವು ಅವನ ದಾರಿಗೆ ಅಡ್ಡ ಆಗಬ್ಯಾಡ್ರಿ, ಅಷ್ಟೇ."

ಊರಿಗೆ ಮರಳಿದ ಮೇಲೆ ಇಪ್ಪತ್ತೊಂದು ದಿನ ಮಚ್ಛೇಂದ್ರ ಕುಡಿಯಲಿಲ್ಲ. ಕೌಸಲ್ಯಾಬಾಯಿಯ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿಬಂದ. ಇಪ್ಪತ್ತೆರಡನೆಯ ದಿನ ರೈಲು ತಡವಾಯಿತು, ಉಸ್ಮಾನ ಊರಲ್ಲಿರಲಿಲ್ಲ, ಪೊಲೀಸಿನವನೊಬ್ಬ ಅವನನ್ನು ಎಲ್ಲರೆದುರು ಕುಡುಕ ಎಂದ. ಮಚ್ಛೇಂದ್ರ ಕುಡಿದು ಬಂದ.

ಬೆಳಿಗ್ಗೆ ಕೇಶರಬಾಯಿ ಗಂಟು ಕಟ್ಟಿದಳು. ಮೆಹಕರಕ್ಕೆ ಹೋಗುವ ಮೊದಲು ದವಾಖಾನೆಯ ಮುಂದೆ ನಿಂತಳು. ಅಂದು ಗುರುವಾರ.

"ಸಾಬ್ರ, ನಿಮ್ಮ ಮಾತು, ನಿಮ್ಮ ಹಲಗಿ, ಎಲ್ಲಾ ಸುಳ್ಳಾಯ್ತು. ತಿರುಗಿ ಕುಡ್ದಾರ. ನನಗ ಸಾಕಾಗ್ಯದ."

"ಇಪ್ಪತ್ತೊಂದು ದಿನ ಕುಡೀಲಿಲ್ಲಲ್ಲ, ಅದು ಸುಳ್ಳೇನು? ಮೊದ್ಲ ಎಷ್ಟು ದಿನ ಇರ್ತಿದ್ದ?"

"ಮೂರು ದಿನ."

"ಕಾಲು ಜಾರಿದವ ನಡಿಯೂದು ಮರ್ತಂಗಲ್ಲ. ತವರಿಗಿ ಹೋಗೂದು ಬಿಡೂದು ನಿಮ್ಮ ಖುಷಿ. ಆದ್ರ ಅವನಿಗೆ ಬರಲಿಕ್ಕೆ ಹೇಳಿ ಹೋಗ್ರಿ. ಯಾವ ಹೊತ್ತಿನ್ಯಾಗ ಜಾರಿದ ಅಂತ ಗೊತ್ತಾದ್ರ ಮತ್ತ ಜಾರದಂಗ ಕಾಲಿಡಲಿಕ್ಕ ಅಲ್ಲೊಂದು ಕಲ್ಲು ಹಾಕೂಣು."

ಕೇಶರಬಾಯಿ ಗಂಟು ಹಿಡಿದುಕೊಂಡೇ ಮನೆಗೆ ನಡೆದಳು. ಮಚ್ಛೇಂದ್ರ ಹೊಸ್ತಿಲಲ್ಲಿ ಕೂತಿದ್ದ. ಇನ್ನೊಂದು ಆಣೆ ಬರುತ್ತದೆಂದು ಅವಳು ಕಾದಳು. ಅವನು ಆಣೆ ಮಾಡಲಿಲ್ಲ. "ಡಾಕ್ಟರ ಹತ್ರ ಹೋಗ್ತೇನಿ. ಒಬ್ಬವನೇ ಹೋಗ್ತೇನಿ," ಎಂದ. ಹೋದ.

ಆ ವರ್ಷ ಇನ್ನೂ ಎರಡು ಸಲ ಅವನು ಜಾರಿದ. ಎರಡು ಸಲವೂ ಗುರುವಾರ ಕಾಯದೆ ಮರುದಿನವೇ ಬೀದರದ ದವಾಖಾನೆಗೆ ಹೋದ. ಕೇಶರಬಾಯಿ ಎರಡು ಸಲವೂ ಗೊಣಗಿದಳು, ಆದರೆ ಗಂಟು ಕಟ್ಟಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಒಂದು ಸಂಜೆ ಮಚ್ಛೇಂದ್ರ ಕುದುರೆ ಕಟ್ಟಿ ಒಳಗೆ ಬಂದ. ಮುಖ ಬೆವೆತಿತ್ತು. ನೇರವಾಗಿ ತಾಯಿಯ ಮುಂದೆ ನಿಂತ.

"ಯವ್ವಾ, ಇವತ್ತು ಕುಡೀಬೇಕಂತ ಬಾಳ ಅನಸ್ಲಿಕತ್ತದ. ಅಂಗಡಿ ಮುಂದಿಂದ್ಲೇ ಬಂದೆ. ಒಬ್ಬವನೇ ಇದ್ರ ತಿರುಗಿ ಅಲ್ಲಿಗೇ ಹೋಗ್ತೇನಿ."

ಜಿಜಾಬಾಯಿ ಬೈಯಲಿಲ್ಲ, ಭಾನಾಮತಿಯ ಹೆಸರೆತ್ತಲಿಲ್ಲ. ಸರಿದು ಜಾಗ ಮಾಡಿಕೊಟ್ಟಳು.

"ಕುಂದ್ರು. ಜ್ವಾಳ ಹಸನ ಮಾಡೂದದ. ನನಗ ಕಣ್ಣು ಕಾಣಂಗಿಲ್ಲ, ನೀ ಅದರಾಗಿನ ಹರಳು ಆರಿಸು. ಕೇಶರಾ, ಚಹಾ ಮಾಡವ್ವ."

ಓದುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಓಣಿಯಲ್ಲೂ ಇಂಥ ಒಬ್ಬರು ಇರಬಹುದು. ಬೈದು, ಹೊಡೆದು, ಆಣೆ ಮಾಡಿಸಿ ನಿಮಗೂ ಸಾಕಾಗಿರಬಹುದು. ಆ ದಣಿವು ಸುಳ್ಳಲ್ಲ. ಆದರೂ ಕುಡಿತವೂ ಒಂದು ಬೇನೆ, ನಿಲ್ಲದ ಮನಸ್ಸು, ತಡೆಯಲಾಗದ ಸಿಟ್ಟು ಕೂಡ ಬೇನೆಯಿರಬಹುದು. ಇವಕ್ಕೆ ಔಷಧವಿದೆ, ಕೂತು ಕೇಳುವ ಡಾಕ್ಟರಿದ್ದಾರೆ. ದಿನವೂ ಹೆಚ್ಚು ಕುಡಿಯುವವರನ್ನು ಮನೆಯಲ್ಲೇ ಕಟ್ಟಿಹಾಕಿ ಬಿಡಿಸಲು ಹೋಗಬೇಡಿ. ಹತ್ತಿರದ ಸರಕಾರಿ ದವಾಖಾನೆಗೆ ಕರೆದೊಯ್ಯಿರಿ. ಬರುವುದಿಲ್ಲ ಎಂದರೆ ಮೊದಲು ನೀವಾದರೂ ಹೋಗಿ ಕೇಳಿರಿ. ಒಮ್ಮೆ ಜಾರಿದರೆ ಮತ್ತೊಮ್ಮೆ ಕರೆದೊಯ್ಯಿರಿ.