ಗಂಟಣ್ಣನ ಕುರ್ಚಿ

ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಮೊಣಕಾಲನ್ನು ಪೆಟ್ಟಿಗೆಯ ಮೇಲೂರಿ, ಅರೆಗಣ್ಣು ಮುಚ್ಚಿ ಅವನು ಬಿಗಿಯುತ್ತಿದ್ದ ಗಂಟು ಎರಡಕ್ಕೆ ಮಾತ್ರ ಸೋಲುತ್ತಿತ್ತು: ಒಂದು ಅವನ ಬೆರಳಿಗೆ, ಇನ್ನೊಂದು ಕತ್ತರಿಗೆ. ಊರಿನವರ ಮನೆಸಾಮಾನುಗಳನ್ನು ಕಟ್ಟಿ, ಹೊತ್ತು, ಇನ್ನೊಂದು ಮನೆಗೆ ಸಾಗಿಸುವ ಲಾರಿಯಲ್ಲಿ ಅವನ ಕೆಲಸ. ಜೊತೆಯವರೆಲ್ಲ ಅವನನ್ನು ಗಂಟಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಬಲಹೆಗಲು ಎಡಕ್ಕಿಂತ ತುಸು ತಗ್ಗು. ಬಾಗಿಲು ಎಷ್ಟೇ ವಿಶಾಲವಾಗಿರಲಿ, ಬರಿಗೈಯಲ್ಲೇ ಇರಲಿ, ಬೀರು ಹೊತ್ತವನಂತೆ ಮೈಯನ್ನು ಓರೆಮಾಡಿಕೊಂಡೇ ಒಳಹೋಗುವನು. ಚಳಿಗಾಲ ಬೇಸಗೆಗಳ ಭೇದವಿಲ್ಲದೆ ತೊಡುತ್ತಿದ್ದ ಆ ಮಾಸಲು ಕೋಟಿನ ಜೇಬುಗಳಲ್ಲಿ ಹಗ್ಗದ ತುಂಡುಗಳೂ ಹಳೆಯ ಪತ್ರಿಕೆಯ ಹಾಳೆಗಳೂ ಸದಾ ತುಂಬಿರುತ್ತಿದ್ದವು.

ಅವನ ವೃತ್ತಿಧರ್ಮದಲ್ಲಿ ಒಂದೇ ಒಂದು ಸೂತ್ರವಿತ್ತು. ಕಟ್ಟಿದ ಗಂಟನ್ನು ಸೇರುವ ಮನೆಯಲ್ಲೇ ಬಿಚ್ಚಬೇಕು. ನಡುದಾರಿಯಲ್ಲಿ ಬಿಚ್ಚಿದರೆ ಏನಾದರೊಂದು ಒಡೆಯುತ್ತದೆ, ಇಲ್ಲವೇ ಆ ಮನೆಯೇ ಕೈತಪ್ಪುತ್ತದೆ. ಯಾರು ಕಲಿಸಿದರೋ, ಎಷ್ಟು ಹಳೆಯ ನಂಬಿಕೆಯೋ, ಅವನಿಗೂ ಗೊತ್ತಿರಲಿಲ್ಲ.

ಇಷ್ಟೆಲ್ಲ ಮನೆಗಳನ್ನು ಹೊತ್ತವನಿಗೂ ಒಂದು ಸಂಗತಿ ಮಾತ್ರ ಅರ್ಥವಾಗುತ್ತಿರಲಿಲ್ಲ. ಜೀವಮಾನದ ಮೊದಲ ಸ್ವಂತ ಮನೆಯ ಬೀಗದ ಕೈ ಹಿಡಿದ ಜನ ಕುಣಿದಾಡಬೇಕಲ್ಲವೇ? ಅವರೋ, ಮೆಟ್ಟಿಲ ಮೇಲೆ ಕುಸಿದು ಕುಳಿತು ಖಾಲಿ ಗೋಡೆಯನ್ನು ದಿಟ್ಟಿಸುತ್ತಿರುವರು. ಮಂಚ ಎಲ್ಲಿಡಲಿ ಎಂದು ಕೇಳಿದರೆ ತಲೆಯೆತ್ತದೆ "ಎಲ್ಲಾದ್ರೂ ಇಡಪ್ಪ" ಎನ್ನುವರು.

"ಸ್ವಂತ ಮನೆ ಸಿಕ್ಕಿದೆ, ಮುಖ ನೋಡಿದ್ರೆ ಸಾವಿನ ಮನೆಗೆ ಬಂದ ಹಾಗಿದೆ," ಎಂದು ಅವನು ಲಾರಿಯ ಚಾಲಕನ ಕಿವಿಯಲ್ಲಿ ಹೇಳಿ ನಗುವನು. ಅವನ ಲೆಕ್ಕದಲ್ಲಿ ಮನೆ ಕೊಳ್ಳುವುದೆಂದರೆ ಒಂದು ಬೆಳಗಿನ ಕೆಲಸ: ಲಾರಿ ಬರುತ್ತದೆ, ಬಾಗಿಲು ತೆರೆಯುತ್ತದೆ, ಮುಗಿಯಿತು. ಎಲ್ಲರ ಕೊನೆಯ ದಿನವನ್ನಷ್ಟೇ ಕಂಡವನಿಗೆ ಅದರ ಹಿಂದಿನ ದಿನಗಳು ಹೇಗೆ ತಿಳಿಯಬೇಕು, ಪಾಪ.

ನಡುವಯಸ್ಸಿನಲ್ಲಿ ಅವನಿಗೂ ಮನೆ ಕೊಳ್ಳುವ ಯೋಗ ಬಂತು. ಸಂಗೀತ ಕಲಿಸುವ ಮೇಡಂ ಒಬ್ಬರು ತಮ್ಮ ಎರಡು ಕೋಣೆಯ ಮನೆಯನ್ನು ಮಾರಿ ಚಿಕ್ಕದೊಂದಕ್ಕೆ ಹೋಗುವವರಿದ್ದರು. ಗಂಡಹೆಂಡಿರು ನೋಡಲು ಹೋದಾಗ ಹೆಂಡತಿ ಅಡುಗೆಮನೆಯ ಕಿಟಕಿಯ ಮುಂದೆ ನಿಂತವಳು ಅಲ್ಲಿಂದ ಕದಲಲಿಲ್ಲ. ಬಾಡಿಗೆ ಮನೆಯ ಅಡುಗೆಕೋಣೆಗೆ ಕಿಟಕಿಯೇ ಇಲ್ಲ. ಮದುವೆಯಾದಂದಿನಿಂದ ಅವಳು ನಡುಹಗಲಿನಲ್ಲೂ ದೀಪ ಹಾಕಿಕೊಂಡೇ ಪಾತ್ರೆ ತೊಳೆದವಳು. "ಇಲ್ಲಿ ಬೆಳಕು ತಾನೇ ಬರತ್ತೆ ಕಣ್ರೀ," ಎಂದಳು, ಅಷ್ಟೇ. ಅವನು ಒಂದು ಬೆಲೆ ಹೇಳಿದ. ಮೇಡಂ ತುಸು ಯೋಚಿಸಿ, "ಆಯ್ತು, ನಿಮಗೇ ಕೊಡ್ತೀನಿ," ಎಂದರು.

ಬೇರೆಯವರಾಗಿದ್ದರೆ ಸಿಹಿ ತಿನ್ನುತ್ತಿದ್ದರು. ಗಂಟಣ್ಣ ಮನೆಗೆ ಬಂದವನೇ ಹೊತ್ತು ಮುಳುಗುವುದರೊಳಗೆ ಇಡೀ ಸಂಸಾರವನ್ನು ಪೆಟ್ಟಿಗೆಗಳಲ್ಲಿ ತುಂಬಿ ಬಿಗಿದುಬಿಟ್ಟ.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋದು ಅಂದ್ರೆ ಇದೇ," ಎಂದಳು ಹೆಂಡತಿ.

"ಮಾತು ಕೊಟ್ಟಾಯ್ತಲ್ಲೇ, ಇನ್ನೇನಿದೆ?"

ಇನ್ನೇನಿದೆ ಎಂಬುದು ಆಮೇಲೆ ಒಂದೊಂದಾಗಿ ತಿಳಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇಲ್ಲಿ ಪೂಜಾರಿಗಳ ಸಾಲೇ ನಿಂತಿತ್ತು. ಸಾಲ ಕೊಡಬೇಕಿದ್ದ ಬ್ಯಾಂಕಿನಿಂದ ಬಂದವನೊಬ್ಬ ಆ ಮನೆಯ ಗೋಡೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ, ಬಚ್ಚಲ ಮೂಲೆಯ ತೇವ ಕಂಡು ತುಟಿ ಕೊಂಕಿಸಿ ಹೋದ. ತೇವ ಆರುವ ಹೊತ್ತಿಗೆ ವಕೀಲರ ಕಚೇರಿಯವರು, ಹಿಂದೆಂದೋ ಆ ಮನೆಯಲ್ಲಿ ಪಾಲಿದ್ದ ಮೇಡಂ ಅವರ ತಮ್ಮನೊಬ್ಬನ ಸಹಿ ಬೇಕೆಂದರು. ಆ ತಮ್ಮ ಎಲ್ಲಿದ್ದಾನೆಂದು ಹುಡುಕುವುದೇ ಒಂದು ತಪಸ್ಸಾಯಿತು. ಸಹಿ ಬಂತು ಎನ್ನುವಾಗ ಮೇಡಂ ಹೋಗಬೇಕಿದ್ದ ಮನೆ ಖಾಲಿಯಾಗಲಿಲ್ಲ, ಏಕೆಂದರೆ ಅದರಲ್ಲಿದ್ದವರೂ ಇನ್ನೊಂದು ಮನೆಗಾಗಿ ಕಾಯುತ್ತಿದ್ದರು. ಮಕ್ಕಳು ಅಂಗಿ ಹಿಡಿದುಕೊಂಡು ಆಡುವ ರೈಲಾಟದಲ್ಲಿ ಮುಂದಿನವನು ನಿಂತರೆ ಎಲ್ಲರೂ ನಿಂತಂತೆ, ಗುರುತುಪರಿಚಯವಿಲ್ಲದ ಸಂಸಾರಗಳೆಲ್ಲ ಒಂದರ ಹಿಂದೊಂದು ನಿಂತುಬಿಟ್ಟಿದ್ದವು. ಫೋನು ಮಾಡಿದಾಗಲೆಲ್ಲ ವಕೀಲರ ಗುಮಾಸ್ತೆ ಬೇಸರವಿಲ್ಲದ ದನಿಯಲ್ಲಿ, "ಈ ವಾರ ಆಗ್ಬಹುದು ಸಾರ್," ಎನ್ನುವಳು.

ಮನೆಯೊಳಗೆ ಮಾತ್ರ ಗಂಟಣ್ಣನ ಸೂತ್ರ ಸಡಿಲಲಿಲ್ಲ. ಹೊರಗುಳಿದಿದ್ದ ಎರಡು ತಟ್ಟೆ, ಒಂದು ಪಾತ್ರೆಯಲ್ಲಿ ಸಂಸಾರ ನಡೆಯಿತು. ಕನ್ನಡಿ ಪತ್ರಿಕೆ ಹೊದ್ದು ಮಲಗಿದ್ದರಿಂದ ಅವನು ಲಾರಿಯ ಕನ್ನಡಿಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ. ಸೌಟು ಬೇಕೆಂದರೆ ಹೊಸ ಸೌಟು ತರುವನೇ ಹೊರತು ಪೆಟ್ಟಿಗೆ ಬಿಚ್ಚುವವನಲ್ಲ. "ಹೀಗೇ ತರ್ತಿರಿ, ಹಳೇ ಸಾಮಾನಿಗೊಂದು ಮನೆ, ಹೊಸದಕ್ಕೊಂದು ಮನೆ ತಗೊಂಡ್ರಾಯ್ತು," ಎಂದು ಹೆಂಡತಿ ಮೊದಮೊದಲು ಚುಚ್ಚುತ್ತಿದ್ದಳು. ಬರುಬರುತ್ತ ಚುಚ್ಚುವುದನ್ನು ಬಿಟ್ಟಳು. ಆಮೇಲೆ ಕೇಳುವುದನ್ನೂ ಬಿಟ್ಟಳು. ಹೆಂಡತಿಯ ಬೈಗುಳಕ್ಕಿಂತ ಭಾರವಾದದ್ದು ಅವಳ ಸುಮ್ಮನಿರುವಿಕೆ. ಅದನ್ನು ಹೊರುವ ಉಪಾಯ ಯಾವ ಹಮಾಲಿಗೂ ಗೊತ್ತಿಲ್ಲ.

ಚಳಿ ಬಂತು. ಒಂದು ಸಂಜೆ ಅವನು ಕೆಲಸದಿಂದ ಬಂದಾಗ ಹೆಂಡತಿ ಜ್ವರದಲ್ಲಿ, ಎರಡು ಪೆಟ್ಟಿಗೆಗಳ ನಡುವೆ ಗುಬ್ಬಚ್ಚಿಯಂತೆ ಮುದುಡಿ ಮಲಗಿದ್ದಳು. ಕಂಬಳಿ ಎಲ್ಲಿದೆಯೆಂದು ಇಬ್ಬರಿಗೂ ಗೊತ್ತಿತ್ತು, ಅವಳ ತಲೆಯ ಪಕ್ಕದ ಪೆಟ್ಟಿಗೆಯಲ್ಲೇ. ಅವಳು ಕೇಳಲಿಲ್ಲ. ಅವನು ಕೋಟು ಬಿಚ್ಚಿ ಹೊದಿಸಿದ, ನಡುಕ ನಿಲ್ಲಲಿಲ್ಲ. ಆಗ ಪೆಟ್ಟಿಗೆಯ ಮುಂದೆ ಮಂಡಿಯೂರಿ ಕುಳಿತ. ಥಂಡಿಗೆ ಹಗ್ಗ ಉಬ್ಬಿ ಗಂಟು ಕಲ್ಲಾಗಿತ್ತು. ಅವನ ಗಂಟು ಅವನ ಬೆರಳಿಗೇ ಮಣಿಯಲಿಲ್ಲ. ಕತ್ತರಿಯೋ, ಯಾವ ಪೆಟ್ಟಿಗೆಯಲ್ಲಿತ್ತೋ ಭಗವಂತನೇ ಬಲ್ಲ. ಕೊನೆಗೆ ಹಲ್ಲಿನಿಂದ ಕಚ್ಚಿ, ವಸಡಿನಲ್ಲಿ ರಕ್ತ ಬರುವವರೆಗೆ ಎಳೆದು ಬಿಚ್ಚಿದ.

ಕಂಬಳಿಯ ಭಾರಕ್ಕೆ ಅವಳು ಕಣ್ಣು ತೆರೆದಳು. ಬಾಯಿ ತೆರೆದ ಪೆಟ್ಟಿಗೆಯನ್ನು ನೋಡಿದಳು, ಅವನ ಮುಖವನ್ನು ನೋಡಿದಳು.

"ಮನೆ ಕೈತಪ್ಪಿತಾ?"

"ಇಲ್ಲ ಕಣೇ. ಚಳಿ ಅಂತ ಬಿಚ್ಚಿದೆ, ಅಷ್ಟೇ."

ಅವನಿಗೆ ಅಳು ಬಂತು. ಸೂತ್ರ ಮುರಿದದ್ದಕ್ಕಲ್ಲ, ಚಳಿಗೆ ಕಂಬಳಿ ಹೊದಿಸಿದರೆ ಹೆಂಡತಿ ಅದನ್ನು ಕೆಟ್ಟ ಸುದ್ದಿಯೆಂದು ತಿಳಿಯುವ ಮಟ್ಟಕ್ಕೆ ತಾನು ಬಾಳನ್ನು ತಂದಿಟ್ಟೆನಲ್ಲ ಎಂದು. ಮರುದಿನ ಕೆಲಸಕ್ಕೆ ರಜೆ ಹೇಳಿ ಎಲ್ಲ ಪೆಟ್ಟಿಗೆಗಳನ್ನೂ ಬಿಚ್ಚಿದ. ಕನ್ನಡಿ ಗೋಡೆಗೇರಿತು, ಗಡಿಯಾರ ಮತ್ತೆ ಟಿಕ್‌ಟಿಕ್ ಎಂದಿತು. ಆ ಕಿಟಕಿಯಿಲ್ಲದ ಅಡುಗೆಕೋಣೆಯಲ್ಲಿ ನಾಲ್ಕು ಸೌಟುಗಳು ಸಾಲಾಗಿ ತೂಗಿದವು. ಫೋನು ಮಾಡುವುದನ್ನೂ ಅವನು ಕಡಿಮೆ ಮಾಡಿದ. ಏನೂ ಒಡೆಯಲಿಲ್ಲ. ಮನೆಯೂ ಕೈತಪ್ಪಲಿಲ್ಲ, ಬೇಗನೆ ಬರಲೂ ಇಲ್ಲ. ಮತ್ತೆ ಸೆಕೆ ಶುರುವಾಗುವ ಹೊತ್ತಿಗೆ ಎಲ್ಲೋ ಮುಂದೆ ಯಾರೋ ಒಬ್ಬರು ಮನೆ ಬಿಟ್ಟರಂತೆ, ರೈಲು ಹೊರಟಿತಂತೆ. ಗುಮಾಸ್ತೆಯೇ ಫೋನು ಮಾಡಿ, "ಬಂದು ಕೀ ತಗೊಳ್ಳಿ ಸಾರ್," ಎಂದಳು.

ಜೊತೆಯವರೇ ಲಾರಿ ತಂದು ಸಾಮಾನು ಇಳಿಸಿದರು. ಹೆಂಡತಿ ನೇರವಾಗಿ ಹೋಗಿ ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ನಿಂತಳು. ಕೆನ್ನೆ ಇಳಿದಿತ್ತು, ಆದರೂ ಅದೇ ಹಿಂದಿನ ನಿಲುವು. ಬಾಗಿಲಿನಿಂದ ಅದನ್ನು ಕಂಡ ಗಂಟಣ್ಣ, ಒಳಗೆ ಹೋಗಲು ಮೈ ಓರೆಮಾಡಿದವನು, ಹೋಗಲಾರದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

"ಗಂಟಣ್ಣ, ಮಂಚ ಎಲ್ಲಿಡೋದು?" ಎಂದು ಚಾಲಕ ಕೂಗಿದ.

"ಎಲ್ಲಾದ್ರೂ ಇಡಪ್ಪ."

ಚಾಲಕ ಅವನದೇ ಹಳೆಯ ಕುಚೋದ್ಯವನ್ನು ಅವನಿಗೇ ಹಿಂತಿರುಗಿಸಲು ಬಾಯಿ ತೆರೆದನಂತೆ. ಆ ಮುಖ ನೋಡಿ, ಮಂಚದ ತುದಿಗೆ ಹೆಗಲು ಕೊಟ್ಟು ಒಳಗೆ ನಡೆದನಂತೆ.

ಈಗಲೂ ಅವನು ಲಾರಿಯಲ್ಲೇ ಇದ್ದಾನೆ. ಗಂಟು ಅಷ್ಟೇ ಬಿಗಿ, ಕೋಟು ಇನ್ನಷ್ಟು ಮಾಸಲು. ಆದರೆ ಯಾರ ಮನೆಯ ಸಾಮಾನೇ ಆಗಲಿ, ಒಂದು ಕುರ್ಚಿಯನ್ನು ಕಟ್ಟದೆ ಎಲ್ಲಕ್ಕಿಂತ ಕೊನೆಗೆ ಏರಿಸುತ್ತಾನೆ, ಎಲ್ಲಕ್ಕಿಂತ ಮೊದಲು ಇಳಿಸಲು. ಹೊಸ ಮನೆಯಲ್ಲಿ ಬೆಳಕು ಬೀಳುವ ಜಾಗ ನೋಡಿ ಅದನ್ನಿಟ್ಟು, ತೋಳಿನಿಂದ ಒರೆಸಿ, "ಕೂತ್ಕೊಳ್ಳಿ, ನಾವು ನೋಡ್ಕೋತೀವಿ," ಎನ್ನುತ್ತಾನೆ. ಅವರಾಗಿ ಏಳುವವರೆಗೆ ಮಂಚದ ಮಾತೆತ್ತುವುದಿಲ್ಲ.

ಇನ್ನೊಬ್ಬರ ನಿರೀಕ್ಷೆಯ ಕಟ್ಟಕಡೆಯ ದಿನಕ್ಕೆ ಮಾತ್ರ ಕರೆಸಿಕೊಳ್ಳುವ ಜನ ಎಲ್ಲ ಊರುಗಳಲ್ಲೂ ಇದ್ದಾರೆ. ಬಾಗಿಲು ತೆರೆದದ್ದನ್ನು ಅವರು ಕಾಣುತ್ತಾರೆ, ಬಾಗಿಲ ಹೊರಗೆ ಸವೆದ ದಿನಗಳನ್ನು ಕಾಣುವುದಿಲ್ಲ. ಬಹುಮಂದಿ ಹಾಗೆಯೇ ನಕ್ಕು, ಕೂಲಿ ಪಡೆದು ಹೊರಟುಹೋಗುತ್ತಾರೆ. ಗೆದ್ದವರಿಗೆ ಶುಭಾಶಯ ಹೇಳುವವರೇನು, ಬೇಕಾದಷ್ಟು ಜನ ಇದ್ದಾರೆ; ಗೆದ್ದವರೂ ದಣಿದಿರುತ್ತಾರೆಂದು ತಿಳಿದು ಮೊದಲು ಕುರ್ಚಿ ತಂದಿಡುವವನು ಮಾತ್ರ, ತಾನೂ ಒಮ್ಮೆ ಆ ಮೆಟ್ಟಿಲ ಮೇಲೆ ಕುಸಿದು ಕುಳಿತವನೇ ಆಗಿರುತ್ತಾನೆ.